ಮೂರನೇ ಸಿಲಿಂಡರಿನ ಟಕಟಕ

ದಲ್-ಸೂ ಅಣ್ಣನ ಲಾರಿ ನಮ್ಮ ಬೀದಿಯ ಏರು ಹತ್ತುವಾಗಲೇ ನನಗೆ ಗೊತ್ತಾಯಿತು, ನಾಲ್ಕು ಸಿಲಿಂಡರಿನಲ್ಲಿ ಒಂದು ಕೈಕೊಟ್ಟಿದೆ ಎಂದು. ಕುಂಟು ಎತ್ತಿನ ಹಾಗೆ ಮೈ ಅಲುಗಾಡಿಸುತ್ತಾ ಬಂದು, ಗ್ಯಾರೇಜಿನ ಬಾಗಿಲಿಗೆ ಸರಿಯಾಗಿ ನಿಂತು, ಹೊಗೆ ಉಗುಳಿ ಆರಿಹೋಯಿತು. ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಾನು ಹೊರಗೆ ಬಂದೆ.

ನನ್ನ ಹೆಸರು ಮಾಲ್-ಸುನ್. ಸಾಮ್‌ಚೊನ್‌ಪೋ ಬಂದರಿನ ಹಿಂದಿನ ಬೀದಿಯಲ್ಲಿ ನಮ್ಮ ಗ್ಯಾರೇಜು. ಮೊದಲು ಇದನ್ನು ನಡೆಸುತ್ತಿದ್ದವರು ನನ್ನ ಗಂಡ, ನಮ್ಮ ಯಜಮಾನರು. ಅವರ ಸೊಂಟ ಹಿಡಿದುಕೊಂಡ ಮೇಲೆ ಸ್ಪ್ಯಾನರು ನನ್ನ ಕೈಗೆ ಬಂತು, ಸೌಟು ಅವರ ಕೈಗೆ ಹೋಯಿತು. ಊರವರು ಸ್ವಲ್ಪ ದಿನ ನಕ್ಕರು. ಆಮೇಲೆ ನನ್ನ ಕೆಲಸ ನೋಡಿ, ಅವರ ಮೀನಿನ ಸಾರು ಕುಡಿದು ಸುಮ್ಮನಾದರು.

ದಲ್-ಸೂ ಅಣ್ಣ ಮತ್ತು ಅವನ ಹೆಂಡತಿ ಒಕ್-ಬುನ್ ಅಕ್ಕ ನಮ್ಮ ಹಳೆಯ ಗಿರಾಕಿಗಳು. ಒಣಗಿದ ಸಣ್ಣ ಮೀನು, ಸಮುದ್ರದ ಸೊಪ್ಪು, ಉಪ್ಪು ಹಾಕಿದ ಸೀಗಡಿ ತುಂಬಿಕೊಂಡು ಗುಡ್ಡದ ಮೇಲಿನ ಹಳ್ಳಿಗಳಿಗೆ ಹೋಗಿ ಮಾರುತ್ತಾರೆ. ಲಾರಿಯ ನೆತ್ತಿಯ ಮೇಲೆ ಒಂದು ಧ್ವನಿವರ್ಧಕ. ಅದರಲ್ಲಿ ಅಕ್ಕನದೇ ದನಿ, ಕ್ಯಾಸೆಟ್ಟಿನಲ್ಲಿ ತುಂಬಿದ್ದು: 'ಮೀನು ಬಂತು ನೋಡ್ರವ್ವೋ, ಬೆಳ್ಳಿ ಹಂಗಿರೋ ಮೀನು!' ಎಡಕ್ಕೆ ಸ್ಟೀರಿಂಗ್ ಹಿಡಿದು ಅಣ್ಣ ಲಾರಿ ಓಡಿಸುತ್ತಾನೆ, ಅವನ ಬಲಕ್ಕೆ ಕೂತು ಹೋಗುವ ಅಕ್ಕ ಮಾರುತ್ತಾಳೆ. ಲಾರಿ ಓಡಿಸುವ ಲೈಸೆನ್ಸು ಅಕ್ಕನಿಗೂ ಇದೆ. ಅಣ್ಣನಿಗಿಂತ ಒಳ್ಳೆಯ ಅಂಕ ಪಡೆದು ಪಾಸಾದವಳು. ಆದರೆ ಅಣ್ಣ ಅವಳಿಗೆ ಒಂದು ದಿನವೂ ಸ್ಟೀರಿಂಗ್ ಕೊಟ್ಟಿಲ್ಲ. ರಿಪೇರಿಯಾದ ಮೇಲೆ ನಾನು ಓಡಿಸಿ ನೋಡುತ್ತೇನೆ ಅಂದರೂ ಬೀಗದ ಕೈ ಜೇಬಿಗೆ ಹಾಕಿಕೊಳ್ಳುತ್ತಾನೆ.

ಅವತ್ತು ಅಕ್ಕ ಮುಖ ಗಂಟುಹಾಕಿಕೊಂಡು ಇಳಿದಳು. ನನ್ನನ್ನು ಪಕ್ಕಕ್ಕೆ ಎಳೆದು, "ನೋಡೇ, ಇಂಜಿನ್ ಬಿಚ್ಬೇಕು ಅಂತಾದ್ರೆ ಬಿಚ್ಲೇಬೇಡ. ಗುಜರಿಗೆ ಹಾಕಿಬಿಡೋಣ. ನಾನು ಜಿಂಜುಗೆ ಹೊರಟೆ," ಅಂದಳು.

"ಜಿಂಜುಗಾ? ಅಲ್ಲೇನಿದೆ ಅಕ್ಕಾ?"

"ನನ್ ತಂಗಿ ಸಂತೆ ಬೀದೀಲಿ ಪಲ್ಯ, ಕಿಮ್ಚಿ ಉಪ್ಪಿನಕಾಯಿ ಮಾರ್ತಾಳಲ್ಲ, ಜೊತೆಗೆ ಬಾ ಅಂತ ಕರೀತಿದಾಳೆ. ಒಂದು ರೂಮೂ ಇದೆ."

"ಮತ್ತೆ ಅಣ್ಣ?"

"ಅವರನ್ನೇ ಕೇಳು! ದಾರೀಲಿ ಹೋಗ್ತಾ ಮೂರು ಸಲ ಕೇಳಿದೆ ಕಣೇ, ಏನ್ರೀ ನಾನು ಜಿಂಜುಗೆ ಹೋಗ್ಲಾ ಅಂತ. ಮೂರು ಸಲವೂ 'ಹೂಂ, ಆಯ್ತು' ಅಂದ್ರು. ಯಾಕೆ ಅಂತ ಕೇಳ್ಲಿಲ್ಲ, ಯಾವಾಗ ಅಂತ ಕೇಳ್ಲಿಲ್ಲ. ತಿರುಗೀನೂ ನೋಡ್ಲಿಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಕೂತಿದ್ದಕ್ಕೆ ಇಷ್ಟೇನಾ?"

ಅಣ್ಣ ಅಲ್ಲೇ ನಾಲ್ಕು ಮಾರು ದೂರದಲ್ಲಿ ಚಕ್ರಕ್ಕೆ ಕಲ್ಲು ಕೊಡುತ್ತಿದ್ದ. ತಲೆ ಎತ್ತಲಿಲ್ಲ. ನನಗೆ ನಿಜಕ್ಕೂ ಸಂಕಟವಾಯಿತು. ಇವರಿಬ್ಬರೂ ಕಿತ್ತಾಡುತ್ತಾ ಒಂದೇ ಲಾರಿಯಿಂದ ಇಳಿಯುವುದನ್ನು ನೋಡಿದರೇನೇ ನನಗೆ ವಾರ ಶುರುವಾದ ಹಾಗೆ. ಈ ಹಾಳು ಇಂಜಿನ್ನು ಬಿಚ್ಚುವ ಹಾಗೆ ಆಗದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಕೆಲಸಕ್ಕೆ ಕೈಹಾಕಿದೆ.

ಕ್ಯಾಬಿನ್ನನ್ನು ಮುಂದಕ್ಕೆ ಬಗ್ಗಿಸಿ, ಇಂಜಿನ್ ಚಾಲೂ ಮಾಡಿ, ಡೀಸೆಲ್ ಹೋಗುವ ಪೈಪುಗಳ ನಟ್ಟನ್ನು ಒಂದೊಂದಾಗಿ ಸಡಿಲಿಸಿದೆ. ಮೊದಲನೆಯದನ್ನು ಸಡಿಲಿಸಿದರೆ ಇಂಜಿನ್ ಮುಗ್ಗರಿಸಿತು. ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೆ ಏನೂ ಆಗಲಿಲ್ಲ, ಹೇಗೆ ನಡೆಯುತ್ತಿತ್ತೋ ಹಾಗೇ ನಡೆಯಿತು. ಅಂದರೆ ಆ ಸಿಲಿಂಡರಿನ ಮನೆಯಲ್ಲಿ ಒಲೆ ಮೊದಲೇ ಆರಿಹೋಗಿತ್ತು.

"ಮೂರನೇದು," ಅಂದೆ.

"ಡೀಸೆಲ್ ಬರ್ತಿಲ್ವೇನೋ," ಅಂದ ಅಣ್ಣ.

"ನಟ್ಟು ಸಡಿಲಿಸಿದಾಗ ನನ್ನ ಮುಖಕ್ಕೇ ಚಿಮ್ಮಿತಲ್ಲ, ಕಾಣ್ಲಿಲ್ವಾ?"

ಹೀಟರ್ ಪ್ಲಗ್ಗುಗಳನ್ನು ತೆಗೆದು, ಆ ತೂತುಗಳಿಗೆ ಒಂದಾದ ಮೇಲೊಂದರಂತೆ ಗೇಜು ಕೂರಿಸಿ ಕಂಪ್ರೆಷನ್ ನೋಡಿದೆ. ಉಳಿದ ಮೂರು ಸಿಲಿಂಡರುಗಳಲ್ಲಿ ಮುಳ್ಳು ಜೋರಾಗಿ ಮೇಲೇರಿತು. ಮೂರನೇ ಸಿಲಿಂಡರಿನಲ್ಲಿ ಅರ್ಧಕ್ಕೇ ಸುಸ್ತಾಗಿ ನಿಂತಿತು. ಒಳಗೆ ಗಾಳಿ ಬಿಗಿಯಾಗದಿದ್ದರೆ ಕಾವು ಏರುವುದಿಲ್ಲ, ಕಾವಿಲ್ಲದೆ ಡೀಸೆಲ್ ಹೊತ್ತುವುದಿಲ್ಲ. ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದನ್ನು ಹುಡುಕಬೇಕಿತ್ತು. ಅದೇ ತೂತಿನಿಂದ ಚೂರು ಆಯಿಲ್ ಬಿಟ್ಟು ಮತ್ತೆ ನೋಡಿದೆ. ಪಿಸ್ಟನ್ನಿನ ರಿಂಗು ಸವೆದಿದ್ದರೆ ಆಯಿಲ್ ಆ ಸಂದು ಮುಚ್ಚಿ ಮುಳ್ಳು ಮೇಲೇರಬೇಕು. ಏರಲಿಲ್ಲ.

"ರಿಂಗು ಗಟ್ಟಿ ಇದೆ. ಸಿಲಿಂಡರ್ ಕೊರೆಸೋ ಬೋರ್ ಕೆಲಸ ಇಲ್ಲ," ಅಂದೆ.

"ಅಂದ್ರೆ ಬಿಚ್ಚೋದು ಬೇಡ್ವಾ?" ಅಂದಳು ಅಕ್ಕ. ಆಸೆಯಿಂದ ಕೇಳಿದಳೋ ಸಿಟ್ಟಿನಿಂದ ಕೇಳಿದಳೋ ತಿಳಿಯಲಿಲ್ಲ.

"ಈಗ್ಲೇ ಹೇಳಕ್ಕಾಗಲ್ಲ. ವಾಲ್ವ್ ಸುಟ್ಟಿದ್ರೆ ಇಂಜಿನ್ ಹೆಡ್ ಬಿಚ್ಲೇಬೇಕು."

ಅಷ್ಟರಲ್ಲಿ ನಮ್ಮ ಯಜಮಾನರು ಸೌಟು ಹಿಡಿದುಕೊಂಡು ಬಂದು, "ಸಾರು ಆರಿಹೋಗ್ತಿದೆ, ಊಟಕ್ಕೆ ಬನ್ನಿ," ಅಂದರು.

"ಸಾರು ಕಾಯುತ್ತೆ. ನೀವು ಇಲ್ಲೇ ನಿಂತ್ಕೊಳ್ಳಿ, ಕೆಲಸ ಇದೆ," ಅಂದೆ.

ಮೂರನೇ ಪಿಸ್ಟನ್ನನ್ನು ಮೇಲಕ್ಕೆ ತಂದು, ಎರಡು ವಾಲ್ವುಗಳೂ ಮುಚ್ಚಿರಬೇಕಾದ ಜಾಗದಲ್ಲಿ ನಿಲ್ಲಿಸಿದೆ. ಆ ತೂತಿಗೆ ಗಾಳಿ ಪಂಪಿನ ಪೈಪು ಸಿಕ್ಕಿಸಿದೆ. ಇನ್ನು ಗಾಳಿ ಬಿಟ್ಟು, ಅದು ಯಾವ ಕಡೆಯಿಂದ ಹೊರಗೆ ಬರುತ್ತದೆಂದು ಕಿವಿಗೊಟ್ಟು ಕೇಳುವುದಷ್ಟೇ ಬಾಕಿ. ಯಜಮಾನರನ್ನು ರೇಡಿಯೇಟರಿನ ಮುಂದೆ, ನೀರಲ್ಲಿ ಗುಳ್ಳೆ ಬರುತ್ತದಾ ನೋಡಲು ನಿಲ್ಲಿಸಿದೆ. ಅಕ್ಕನನ್ನು ಇಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿಯ ಹತ್ತಿರ ನಿಲ್ಲಿಸಿದೆ. ಅಣ್ಣ ಸೈಲೆನ್ಸರಿನ ಹಿಂದೆ ಮಂಡಿಯೂರಿ ಕೂತ.

ಗಾಳಿ ಬಿಟ್ಟೆ.

"ಗುಳ್ಳೆ ಇಲ್ಲ," ಅಂದರು ಯಜಮಾನರು.

"ಇಲ್ಲೂ ಏನಿಲ್ಲ," ಅಂದಳು ಅಕ್ಕ.

"ಇಲ್ಲೂ ಇಲ್ಲ ಕಣಮ್ಮಾ," ಅಂದ ಅಣ್ಣ.

ನನಗೆ ತಲೆಕೆಟ್ಟಿತು. ಹೋದ ಗಾಳಿ ಎಲ್ಲಾದರೂ ಹೋಗಲೇಬೇಕಲ್ಲ! ಪೈಪು ಯಜಮಾನರ ಕೈಗೆ ಕೊಟ್ಟು ನಾನೇ ಒಂದು ಸುತ್ತು ಬಂದೆ. ಲಾರಿಯ ಹಿಂದಕ್ಕೆ ಕಾಲಿಡುವ ಮೊದಲೇ ಕೇಳಿಸಿತು, ಅನ್ನ ಬೇಯುವ ಕುಕ್ಕರು ಉಸಿರು ಬಿಟ್ಟ ಹಾಗೆ ಸುಸ್ಸ್ ಅನ್ನುವ ಸದ್ದು. ಅಣ್ಣ ಮಾತ್ರ ಬಲಗಿವಿಯನ್ನು ಸೈಲೆನ್ಸರಿನ ಬಾಯಿಗೇ ಒತ್ತಿಕೊಂಡು, ಎಡಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಏನೂ ಇಲ್ಲ ಅಂತ ನನಗೆ ತಲೆ ಅಲ್ಲಾಡಿಸುತ್ತಿದ್ದ.

"ಅಣ್ಣಾ, ಆ ಕಡೆ ಕಿವಿ ಕೊಟ್ಟು ನೋಡಿ."

ಕೇಳಿಸಲಿಲ್ಲ. ಭುಜ ಮುಟ್ಟಿ, ಎಡಗಿವಿ ತೋರಿಸಿದೆ. ತಿರುಗಿ ಎಡಗಿವಿ ಕೊಟ್ಟ. ಕೊಟ್ಟ ತಕ್ಷಣ ಅವನ ಮುಖ ಕೆಂಪಾಯಿತು.

"ಬರ್ತಿದೆ," ಅಂದ ಮೆಲ್ಲಗೆ. "ಜೋರಾಗೇ ಬರ್ತಿದೆ."

ಅಕ್ಕ ಅಲ್ಲಿಗೆ ಬಂದು ನಿಂತಿದ್ದಳು. ಅವಳ ಕಣ್ಣು ಅವನ ಬಲಗಿವಿಯ ಮೇಲೇ ಇತ್ತು. ನಾನು ಇಂಜಿನ್ನಿನ ಹತ್ತಿರ ಹೋಗಿ ಮೇಲಿನ ಮುಚ್ಚಳ ಬಿಚ್ಚಿದೆ. ಸೋರುತ್ತಿದ್ದದ್ದು ಹೊಗೆ ಬಿಡುವ ವಾಲ್ವ್. ವಾಲ್ವಿಗೂ ಅದನ್ನು ಒತ್ತುವ ತೋಳಿಗೂ ನಡುವೆ ಕಾಗದದಷ್ಟು ಸಂದಿರಬೇಕು. ಆ ಸಂದಿನಿಂದಲೇ ಹಳೆ ಇಂಜಿನ್ನು ಟಕಟಕ ಅನ್ನುವುದು. ಇಲ್ಲಿ ಸಂದು ಅಳೆಯಲು ನನ್ನ ಹತ್ತಿರವಿದ್ದ ಅತಿ ತೆಳ್ಳನೆಯ ತಗಡೂ ನುಗ್ಗಲಿಲ್ಲ. ತೋಳು ವಾಲ್ವನ್ನು ಸದಾ ಚೂರು ಒತ್ತಿಕೊಂಡೇ ಇತ್ತು, ಅದಕ್ಕೇ ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಸ್ಕ್ರೂವಿನ ನಟ್ಟಿನ ಮೇಲೆ ಹೊಸದಾಗಿ ಸ್ಪ್ಯಾನರು ಜಾರಿದ ಗುರುತು.

ನನ್ನ ಪಿತ್ತ ನೆತ್ತಿಗೇರಿತು. "ಯಾವನ್ರೀ ಇದನ್ನ ಮುಟ್ಟಿದ್ದು? ನನ್ನ ಬಿಟ್ಟು ಯಾವ ಮೆಕ್ಯಾನಿಕ್ ಹತ್ರ ಹೋಗಿದ್ರಿ?"

"ಯಾರ ಹತ್ರಾನೂ ಹೋಗಿಲ್ಲ ತಂಗಿ," ಅಂದ ಅಣ್ಣ, ಕೈ ಹಿಸುಕಿಕೊಳ್ಳುತ್ತಾ. "ನಾನೇ."

"ನೀವಾ? ಯಾಕೆ?"

"ಟಕಟಕ ಜಾಸ್ತಿ ಇತ್ತು. ಸಂತೆಗೆ ಹೋದಾಗ, ಇವಳು ಮಾರಕ್ಕೆ ಕೂತ ಮೇಲೆ, ಚೂರು ಚೂರೇ ಬಿಗಿ ಮಾಡ್ದೆ. ಸದ್ದು ಕೇಳ್ಸೋದು ನಿಂತಾಗ ಸರಿಯಾಯ್ತು ಅನ್ಕೊಂಡೆ."

"ಅಯ್ಯೋ, ನಿಮಗೆ ಕೇಳ್ಸೋದು ನಿಂತಿದ್ದು!" ಅಂದೆ. "ಇಷ್ಟು ವರ್ಷ ಇಲ್ಲದ ತೊಂದರೆ ಈಗೇನಾಯ್ತು ಆ ಟಕಟಕದಿಂದ?"

ಅಣ್ಣ ಅಕ್ಕನ ಕಡೆ ನೋಡದೆ, ಲಾರಿಯ ಚಕ್ರಕ್ಕೆ ಹೇಳುವವನ ಹಾಗೆ ಹೇಳಿದ: "ಆ ಸದ್ದಲ್ಲಿ ಇವಳು ಮಾತಾಡೋದು ಕೇಳ್ಸಲ್ಲ. ಬಾಯಿ ಆಡೋದು ಕಾಣುತ್ತೆ, ಮಾತು ಸಿಗಲ್ಲ. ಟಕಟಕ ನಿಂತ್ರೆ ಕೇಳ್ಸಬಹುದು ಅನ್ಕೊಂಡೆ."



"ಯಾವಾಗಿಂದ?" ಅಂದಳು ಅಕ್ಕ.

"ಹೋದ ಚಳಿಗಾಲಕ್ಕೆ ಕಿಮ್ಚಿ ಹಾಕ್ದಾಗಿಂದ."

"ಮತ್ತೆ ಹೇಳ್ಬಾರ್ದಾ?"

"ಹೇಳಿದ್ರೆ ಲೈಸೆನ್ಸ್ ಹೋಗುತ್ತೆ, ಲಾರಿ ಮಾರು ಅಂತೀಯ ಅಂತ ಭಯ ಆಯ್ತು ಕಣೇ."

"ಜಿಂಜು ವಿಷಯಕ್ಕೆ ಹೂಂ ಅಂದಿದ್ದು?"

"ಯಾವ ಜಿಂಜು?" ಅಂದ ಅಣ್ಣ. ಅವನ ಮುಖ ನೋಡಿದರೆ ನಿಜವಾಗಿಯೂ ಗೊತ್ತಿರಲಿಲ್ಲ.

"ಮೂರು ಸಲ ಕೇಳಿದೆ! ಮೂರು ಸಲವೂ ಆಯ್ತು ಅಂದ್ರಿ!"

"ನೀನು ಏನ್ ಹೇಳಿದ್ರೂ ಆಯ್ತು ಅಂದ್ರೆ ಜಗಳ ಇರಲ್ವಲ್ಲ," ಅಂದ ಪಾಪದವನು.

ಅಕ್ಕ ಅವನ ಬೆನ್ನಿಗೆ ಧಪ್ಪನೆ ಒಂದು ಗುದ್ದಿದಳು. ಗುದ್ದಿ ಆ ಕಡೆ ತಿರುಗಿ ಸೆರಗಿಲ್ಲದ್ದಕ್ಕೆ ಅಂಗಿಯ ತೋಳಿನಿಂದಲೇ ಕಣ್ಣು ಒರೆಸಿಕೊಂಡಳು. ನಮ್ಮ ಯಜಮಾನರಿಗೆ ಸುಮ್ಮನಿರಲು ಬರುವುದಿಲ್ಲ. "ಅಲ್ಲಮ್ಮಾ, ನಿನ್ನ ಪಕ್ಕದ ಕಿವಿ ಅಲ್ವಾ ಅದು, ಇಷ್ಟು ವರ್ಷ ಕೇಳಿ ಕೇಳಿ ಸವೆದಿರುತ್ತೆ," ಅಂದರು. ಅಕ್ಕ ಅವರ ಕೈಯ ಸೌಟನ್ನೇ ಕಿತ್ತುಕೊಂಡು ಓಡಿಸಿದಳು.

ಇಷ್ಟಾದರೂ ನನ್ನ ಕೆಲಸ ಇನ್ನೂ ಮುಗಿದಿರಲಿಲ್ಲ. ಮುಚ್ಚದ ವಾಲ್ವ್ ಬೆಂಕಿಗೆ ಸಿಕ್ಕಿ ಅಂಚು ಸುಟ್ಟಿದ್ದರೆ ಹೆಡ್ ಬಿಚ್ಚಲೇಬೇಕು, ಲಾರಿ ಗುಜರಿಗೆ ಹೋಗಿ ಇವರ ವ್ಯಾಪಾರ ಮುಗಿದೇಹೋಗುತ್ತದೆ. ಸ್ಕ್ರೂ ಸಡಿಲಿಸಿ, ತಗಡು ಇಟ್ಟು, ಅದು ಚೂರು ಹಿಡಿದು ಜಾರುವಷ್ಟು ಸಂದು ಬಿಟ್ಟು ನಟ್ಟು ಬಿಗಿದೆ. ಉಳಿದ ಏಳು ವಾಲ್ವುಗಳನ್ನೂ ನೋಡಿದೆ; ಅವುಗಳನ್ನು ಅಣ್ಣ ಪುಣ್ಯಕ್ಕೆ ಮುಟ್ಟಿರಲಿಲ್ಲ. ಮತ್ತೆ ಗೇಜು ಕೂರಿಸಿ ಇಂಜಿನ್ ತಿರುಗಿಸಿದೆ. ಮುಳ್ಳು ಅರ್ಧಕ್ಕೆ ಬಂತು. ಅರ್ಧ ದಾಟಿತು. ಇನ್ನೂ ಏರಿತು. ಅದರ ಜೊತೆಯವುಗಳಿಗಿಂತ ಕೂದಲೆಳೆಯಷ್ಟು ಕೆಳಗೆ ನಿಂತಿತು.

"ಸುಟ್ಟಿಲ್ಲ!" ಅಂತ ನಾನು ಕಿರುಚಿದ್ದು ಅಣ್ಣನ ಎರಡು ಕಿವಿಗೂ ಕೇಳಿಸಿರಬೇಕು.

ಎಲ್ಲ ಜೋಡಿಸಿ, ಕ್ಯಾಬಿನ್ ಇಳಿಸಿ, ಚಾಲೂ ಮಾಡಿದೆವು. ಲಾರಿ ಒಂದೇ ಸಮನೆ ಉಸಿರಾಡಿತು. ಟಕಟಕವೂ ಮೊದಲಿನ ಹಾಗೇ ಮರಳಿ ಬಂತು. "ಈ ಸದ್ದಿರ್ಲಿ, ಅಣ್ಣಾ. ಇದು ನಿಂತ ದಿನ ಮತ್ತೆ ಇಲ್ಲಿಗೇ ಬರ್ತೀರಿ," ಅಂದೆ. ಅಣ್ಣ ಖುಷಿಯಲ್ಲಿ ತಲೆ ಆಡಿಸಿ, ಹತ್ತಿ ಸ್ಟೀರಿಂಗ್ ಮುಂದೆ ಕೂತ.

ಅಕ್ಕ ಎಡಗಡೆಯ ಬಾಗಿಲಿಗೆ ಹೋಗಿ ಅದನ್ನು ತೆಗೆದಳು. "ಇಳೀರಿ."

"ಯಾಕೆ?"

"ನೀವು ಕೂರೋದು ಎಡಕ್ಕೆ, ನಾನು ಕೂರೋದು ಬಲಕ್ಕೆ. ಕೆಟ್ಟಿರೋದು ನಿಮ್ಮ ಬಲಗಿವಿ. ಆ ಕಡೆ ಹೋಗಿ ಕೂತ್ರೆ ಒಳ್ಳೆ ಕಿವಿ ನನ್ನ ಕಡೆ ಇರುತ್ತೆ. ಇಳೀರಿ ಅಂದೆ."

ಅಣ್ಣ ಸ್ಟೀರಿಂಗನ್ನು ನೋಡಿದ, ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ. ಆಮೇಲೆ ಅವನು ಇಳಿದ. ಮುಂದಿನಿಂದ ಸುತ್ತಿ ಬಂದು, ಜೀವನದಲ್ಲಿ ಮೊದಲ ಸಲ ಆ ಕಡೆಯ ಬಾಗಿಲು ತೆಗೆದು, ಎಲ್ಲಿ ಹಿಡಿದು ಹತ್ತಬೇಕೆಂದು ತಿಳಿಯದೆ ತಡಕಾಡಿ, ಹತ್ತಿ ಕೂತ. ಅಕ್ಕ ಸ್ಟೀರಿಂಗ್ ಮುಂದೆ ಹತ್ತಿ ಕೂತು ಸೀಟನ್ನು ಮುಂದಕ್ಕೆ ಎಳೆದುಕೊಂಡಳು, ಕನ್ನಡಿ ಸರಿಮಾಡಿಕೊಂಡಳು.

"ಏನ್ರೀ," ಅಂದಳು, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ. "ನಾನು ಜಿಂಜುಗೆ ಹೋಗ್ಲಾ?"

ನಾನೂ ನಮ್ಮ ಯಜಮಾನರೂ ಬಾಗಿಲಲ್ಲೇ ನಿಂತು ಕಿವಿಗೊಟ್ಟೆವು.

"ಬೇಡ," ಅಂದ ಅಣ್ಣ.

"ಏನಂದ್ರಿ?" ಅಂದಳು ಅಕ್ಕ. ಅವಳಿಗೆ ಚೆನ್ನಾಗಿಯೇ ಕೇಳಿಸಿತ್ತು.

"ಬೇಡ ಅಂದೆ! ಹೋಗ್ಬೇಡ! ನಿಂಗೂ ಕಿವಿ ಹೋಯ್ತೇನೇ?"

ಅಕ್ಕ ಕ್ಲಚ್ಚನ್ನು ಒಮ್ಮೆಲೇ ಬಿಟ್ಟಳು. ಲಾರಿ ಒಂದು ಸಲ ಎಗರಿ ಆರಿಹೋಯಿತು. ಅಣ್ಣ ಬಾಯಿ ತೆರೆದವನು ತಾನೇ ಮುಚ್ಚಿಕೊಂಡ. ಎರಡನೇ ಸಲ ಚಾಲೂ ಮಾಡಿ, ಟಕಟಕ ಅನ್ನಿಸುತ್ತಾ, ಮೊದಲ ಗೇರಿನಲ್ಲೇ ಅವಳು ಲಾರಿಯನ್ನು ಗುಡ್ಡದ ರಸ್ತೆಯ ಕಡೆಗೆ ತಿರುಗಿಸಿದಳು.