ಭಾನುವಾರದ ಡ್ಯೂಟಿ

“ತಲೆ ಕಡೆ ಎತ್ತಿ, ಕಾಲಿನ ಕಡೆ ಇಳಿಸಿ. ಹಾಗಲ್ಲ ಸ್ವಾಮಿ! ನೀವು ಗೋಡೆಗೆ ಒರಗಿ ನಿಂತ್ಕೊಳ್ಳಿ, ಅಷ್ಟು ಸಾಕು.”

ಎರಡನೇ ಮಹಡಿಯ ತಿರುವಿನಲ್ಲಿ ಪೆಟ್ಟಿಗೆ ಸಿಕ್ಕಿಕೊಂಡಿತ್ತು. ಹೊತ್ತವರು ನಾಲ್ವರು, ಸಲಹೆ ಕೊಡುವವರು ಹನ್ನೊಂದು ಮಂದಿ. ಕೊನೆಗೆ ಆಜ್ಞೆ ಕೊಡಲು ನುಗ್ಗಿದವನು ಪ್ರೆಸ್ಸಿನ ಕಟಿಂಗ್ ಮಷೀನಿನವನು. ಇಂಥದೇ ಇಕ್ಕಟ್ಟು ಮೆಟ್ಟಿಲುಗಳಲ್ಲಿ ಇಪ್ಪತ್ತೆಂಟು ವರ್ಷ ಕಾಗದದ ಬಂಡಲು ಇಳಿಸಿದವನಾದ್ದರಿಂದ ಯಾರೂ ಎದುರಾಡಲಿಲ್ಲ. ಒಳಗಿದ್ದವಳು ಅದೇ ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದವಳು. ಅಲ್ಲಿ ಎಲ್ಲರಿಗೂ ಅಕ್ಕ.

ಕೆಳಗೆ ಅವಳ ಗಂಡ ಡ್ರಿಲ್ ಮಾಸ್ತರು ಕೈಯೆತ್ತಿ “ನಿಧಾನ, ನಿಧಾನ” ಎನ್ನುತ್ತಿದ್ದರು. ಮೂವತ್ತು ವರ್ಷ ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಕೈ. ನಿವೃತ್ತಿಯಾಗಿದ್ದರೂ ಅದಕ್ಕೆ ಕೆಳಗಿಳಿಯುವ ಅಭ್ಯಾಸವಾಗಿರಲಿಲ್ಲ.

“ಪಾಪ, ಸತ್ತಿದ್ದು ಶನಿವಾರ,” ಎಂದು ಮಾಸ್ತರ ಒಡಹುಟ್ಟಿದ ಅಕ್ಕ ಮೂಗು ಒರೆಸಿಕೊಂಡಳು. “ಒಂದು ಭಾನುವಾರಾನಾದ್ರೂ ಮನೇಲಿರ್ತಾಳೆ ಅಂದ್ಕೊಂಡ್ರೆ, ಇವತ್ತೂ ಹೊರಟೇಬಿಟ್ಲು ನೋಡು.”

“ಅತ್ತೆ, ಸ್ವಲ್ಪ ಸುಮ್ಮನಿರ್ತೀರಾ?” ಎಂದಳು ಮಗಳು.

ಮಣ್ಣು ಮಾಡಿ ಮುಗಿದ ಮೇಲೆ ಗೇಟಿನ ಬಳಿ ಮಾಸ್ತರು ಕಟಿಂಗ್ ಮಷೀನಿನವನ ಎರಡೂ ಕೈ ಹಿಡಿದುಕೊಂಡರು.

“ಭಾನುವಾರ ಪ್ರೆಸ್ ನಿಲ್ಲಿಸಿ ಎಲ್ರೂ ಬಂದ್ರಿ. ದೊಡ್ಡ ಮನಸ್ಸು ನಿಮ್ಮ ಯಜಮಾನರದ್ದು.”

“ನಿಲ್ಲಿಸೋದೇನು ಬಂತು ಮಾಸ್ತರೇ? ಭಾನುವಾರ ಬೀಗ ಅಲ್ವಾ?”

“ಈಗೀಗ ಹಾಕ್ತಾರೇನೋ.”

“ನಾನು ಸೇರಿದಾಗಿನಿಂದ್ಲೂ ಬೀಗಾನೇ.” ಅವನು ಮಾಸ್ತರ ಮುಖ ನೋಡಿದ, ಮಗಳ ಮುಖ ನೋಡಿದ. ನಾಲಿಗೆ ಕಚ್ಚಿಕೊಳ್ಳುವ ಹೊತ್ತಿಗೆ ಮಾತು ಹೊರಬಿದ್ದಾಗಿತ್ತು.

“ಹಾಗಾದ್ರೆ ಇಪ್ಪತ್ತೆರಡು ವರ್ಷ ಅವಳು ಹೋಗ್ತಿದ್ದದ್ದೆಲ್ಲಿಗೆ?”

“ಪ್ರೆಸ್ಸಿಗೇ. ನನ್ನ ಮನೆ ಅದರ ಹಿಂದೇನೇ. ಬಂದು ಬೀಗದ ಕೈ ಇಸ್ಕೊಂಡು ಹೋಗೋರು, ಸಂಜೆ ವಾಪಸ್ ಕೊಡೋರು. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ.”

“ಏನು ಮಾಡ್ತಿದ್ಲು?”

“ಮಲಗ್ತಿದ್ರು.”

*

ಮಗಳು ಚಿಕ್ಕವಳಿದ್ದಾಗ ಮಾಸ್ತರ ಮನೆಯಲ್ಲಿ ಭಾನುವಾರಕ್ಕೂ ವೇಳಾಪಟ್ಟಿ ಇತ್ತು. ಏಳಕ್ಕೆ ವಾಕಿಂಗ್, ಒಂಬತ್ತಕ್ಕೆ ಒಟ್ಟಿಗೆ ತಿಂಡಿ, ಹತ್ತಕ್ಕೆ ಇಸ್ಪೀಟು. “ವಾರಕ್ಕೊಂದಿನ ನಾವು ನಾವೇ ಇರಬೇಕು,” ಎನ್ನುತ್ತಿದ್ದರು. ಆರು ದಿನ ಪ್ರೆಸ್ಸಿನಲ್ಲಿ ದುಡಿದ ಹೆಂಡತಿ ಇಸ್ಪೀಟು ಹಿಡಿದು ಕೂರುತ್ತಿದ್ದಳು. ತಾನು ಗೆದ್ದದ್ದೂ ಗಂಡ ಹೇಳಿದ ಮೇಲೇ ಅವಳಿಗೆ ತಿಳಿಯುತ್ತಿತ್ತು.

ಒಂದು ಭಾನುವಾರ ಮಾಸ್ತರು ಸೀಟಿ ಊದಿ ಘೋಷಿಸಿದರು: “ಇವತ್ತು ಅಮ್ಮನಿಗೆ ರಜೆ! ಅಡುಗೆ ನಮ್ಮದು.”

ಅವಳನ್ನು ಮಂಚದ ಮೇಲೆ ಮಲಗಿಸಿ ಬಾಗಿಲು ಮುಂದೆ ಮಾಡಿದರು. ಐದು ನಿಮಿಷಕ್ಕೆ ಮಗಳು ತಲೆ ಹಾಕಿದಳು.

“ಅಮ್ಮಾ, ಉಪ್ಪೆಲ್ಲಿದೆ?”

ಹೇಳಿದಳು.

“ಅಮ್ಮಾ, ಅದು ಸಕ್ಕರೆ. ಹಾಕಾಯ್ತು. ಈಗೇನ್ಮಾಡೋದು?”

ಅದನ್ನೂ ಹೇಳಿದಳು. ನಡುವೆ ಮಾಸ್ತರು ಮೂರು ಸಲ ಬಂದು, ಮಂಚದ ತುದಿಯಲ್ಲಿ ಕೂತು, ಅಕ್ಕರೆಯಿಂದ ಕೇಳಿದರು: “ನಿದ್ದೆ ಬಂತಾ?”

ಸಂಜೆ ಅವಳು ಪಾತ್ರೆಗಳ ತಳ ಕೆರೆಯುತ್ತಿದ್ದಾಗ ಅಪ್ಪ ಮಗಳು ಇಬ್ಬರೂ ದಣಿದು ಗೊರಕೆ ಹೊಡೆಯುತ್ತಿದ್ದರು.

ಮುಂದಿನ ಶನಿವಾರ ಅವಳು ಚೀಲ ಕೆಳಗಿಡುತ್ತಾ ಹೇಳಿದಳು: “ಪಠ್ಯಪುಸ್ತಕದ ಅರ್ಜೆಂಟಂತೆ. ಇನ್ಮೇಲೆ ಭಾನುವಾರಾನೂ ಡ್ಯೂಟಿ.”

“ಇದು ಅನ್ಯಾಯ. ನಾಳೆ ನಾನೇ ಬಂದು ನಿಮ್ಮ ಯಜಮಾನನ್ನ ವಿಚಾರಿಸ್ಕೋತೀನಿ.”

“ನೀವು ವಿಚಾರಿಸ್ಕೊಂಡ್ರೆ ಮಿಕ್ಕ ಆರು ದಿನದ ಕೆಲಸಾನೂ ಹೋಗುತ್ತೆ.”

ಮಾಸ್ತರು ವಿಚಾರಿಸಲಿಲ್ಲ. ಬದಲಿಗೆ ಭಾನುವಾರ ಬೆಳಿಗ್ಗೆ ಐದೂವರೆಗೆ ಎದ್ದು, ಹೆಂಡತಿಗೆ ಊಟದ ಡಬ್ಬಿ ಕಟ್ಟಲು ಕಲಿತರು.

*

ಗೇಟಿನಿಂದ ನೇರ ಪ್ರೆಸ್ಸಿಗೇ ಹೋಗಿ ನೋಡಬೇಕೆಂದು ಮಾಸ್ತರು ಹಟ ಹಿಡಿದಾಗ ಮಗಳು “ಬೇಡಪ್ಪ, ಇವತ್ತೇ ಯಾಕೆ?” ಎಂದಳು. ಅವರು ಆಗಲೇ ನಡೆಯತೊಡಗಿದ್ದರು. ಕಟಿಂಗ್ ಮಷೀನಿನವನು ತಪ್ಪು ಮಾಡಿದವನಂತೆ ಮುಂದೆ ಮುಂದೆ ಹೋದ.

ಒಳಗೆ ಅಂಟಿನ ವಾಸನೆ. ಹೊಲಿಗೆಗೆಂದು ಮಡಚಿದ ಅಚ್ಚಿನ ಹಾಳೆಗಳು ಮೇಜಿನ ಮೇಲೆ ಕಟ್ಟುಕಟ್ಟಾಗಿದ್ದವು. ಮಾಸ್ತರು ತನಿಖೆಗೆ ಬಂದ ಅಧಿಕಾರಿಯಂತೆ ಮೂಲೆ ಮೂಲೆ ನೋಡಿದರು. ರೇಡಿಯೊ ಇಲ್ಲ, ಪತ್ರಗಳಿಲ್ಲ. ಇನ್ನೊಬ್ಬರು ಕೂರಲು ಕುರ್ಚಿಯೂ ಇಲ್ಲ. ಏನಾದರೂ ಸಿಕ್ಕಿದ್ದರೆ ಕನಿಷ್ಠ ಕೋಪ ಮಾಡಿಕೊಳ್ಳಬಹುದಿತ್ತು.

“ಅಲ್ಲಿ,” ಎಂದು ಅವನು ಕಿಟಕಿಯ ಕೆಳಗೆ ತೋರಿಸಿದ. ಕತ್ತರಿಸಿದ ಕಾಗದದ ಚೂರು ತುಂಬಿದ ನಾಲ್ಕು ಮೂಟೆ ಒತ್ತಾಗಿ ಬಿದ್ದಿದ್ದವು. “ರದ್ದಿಯವನಿಗೆ ಇವನ್ನ ಕೊಡ್ತಿರಲಿಲ್ಲ. ಅಕ್ಕನ ಮೂಟೆ.”

ಮಗಳ ಫೋನು ಬಡಿದುಕೊಂಡಿತು. ಅತ್ತೆಯ ದನಿ ಹೊರಗೂ ಕೇಳಿಸುತ್ತಿತ್ತು: “ಎಲ್ಲಿದ್ದೀರೇ? ಮನೆ ತುಂಬ ಜನ ಕೂತಿದಾರೆ. ನಿಮ್ಮಪ್ಪ ಬರದೆ ಯಾರೂ ಏಳೋ ಹಾಗಿಲ್ಲ!” ಮಗಳು ಫೋನನ್ನೇ ಆರಿಸಿಟ್ಟಳು.

ಮಾಸ್ತರು ಮೆಲ್ಲಗೆ ಕೇಳಿದರು: “ನನ್ನಿಂದ ತಪ್ಪಿಸ್ಕೊಂಡು ಬರ್ತಿದ್ಲೇನಪ್ಪಾ?”

“ನಾನೂ ಒಂದು ಸಲ ಕೇಳಿದ್ದೆ. ‘ಯಾಕಕ್ಕಾ, ಮನೇಲಿ ಜಗಳಾನಾ?’ ಅಂತ.”

“ಏನಂದ್ಲು?”

ಅವನು ಕತ್ತು ತುರಿಸಿಕೊಂಡ. “‘ಇಲ್ಲಪ್ಪ, ಎಲ್ಲಾ ಒಳ್ಳೆಯವರೇ. ಬಯ್ಯೋಣ ಅಂದ್ರೆ ಒಬ್ರೂ ಕೆಟ್ಟವರಿಲ್ಲ. ಅದಕ್ಕೇ ಸುಸ್ತಾಗಿಬಿಡುತ್ತೆ’ ಅಂದ್ರು.”

ಮಗಳಿಗೆ ನಗು ಬಂತು. ಅದನ್ನು ತಡೆಯಲು ಹೋಗಿ ಬೆಳಗಿನಿಂದ ಬಾರದಿದ್ದ ಅಳು ಬಂತು. ಮಾಸ್ತರು ಅವಳನ್ನು ಸಮಾಧಾನ ಮಾಡಲಿಲ್ಲ. ಮಾಡುವುದು ಬೇಡವೆಂದು ಜೀವನದಲ್ಲಿ ಮೊದಲ ಸಲ ಅನ್ನಿಸಿರಬೇಕು.

“ಡಬ್ಬಿ?” ಎಂದರು.

“ತಿನ್ನೋರು. ಉಪ್ಪು ಜಾಸ್ತಿ ಅಂತಾನೂ ಅನ್ನೋರು. ನನಗೂ ಕೊಡೋರು. ಜಾಸ್ತೀನೇ ಇರ್ತಿತ್ತು.”

ಮಾಸ್ತರು ತಲೆಯಾಡಿಸಿ ಮೂಟೆಗಳ ಕಡೆ ಹೋದರು. ನಡುವೆ ಒಂದು ತಗ್ಗಾಗಿತ್ತು, ಸಣ್ಣ ಮೈಯೊಂದು ವರ್ಷಗಟ್ಟಲೆ ಒಂದೇ ಮಗ್ಗುಲಲ್ಲಿ ಮಲಗಿದರೆ ಆಗುವಂಥದು. ಅವರು ಚಪ್ಪಲಿ ಬಿಟ್ಟು, ಗೋಡೆ ಹಿಡಿದು, ಅದರೊಳಗೆ ಇಳಿದರು. ಉದ್ದ ಸಾಲಲಿಲ್ಲ, ಕಾಲು ಹೊರಗೆ ಚಾಚಿಕೊಂಡಿತು. ಮೊಣಕಾಲು ಮಡಚಿದರು. ಆಗಲೂ ಸಾಲದೆ ಬೆನ್ನು ಬಾಗಿಸಿದರು, ಗಲ್ಲವನ್ನು ಎದೆಗೆ ತಂದರು, ಮಕ್ಕಳನ್ನು ಸಾಲು ನಿಲ್ಲಿಸಿದ ಆ ಕೈಯನ್ನೂ ಮಡಚಿ ಕೆನ್ನೆಯ ಕೆಳಗಿಟ್ಟುಕೊಂಡರು. ಕಾಗದದ ಚೂರುಗಳು ಸ್ವಲ್ಪ ಹೊತ್ತು ಸರಸರಗುಟ್ಟಿ ಸುಮ್ಮನಾದವು.