ಎಳೆ ಹರಿಯುವ ಜಾಗ

ಉಮಾಶ್ರೀ ಲೋಟವನ್ನು ಮತ್ತೊಮ್ಮೆ ಮೂಗಿಗೆ ಹಿಡಿದಳು. ಶುಂಠಿ ಹಾಕಿದ ಚಹಾದ ವಾಸನೆ, ಅದರ ಹಿಂದೆ ಸ್ಟೀಲಿನ ವಾಸನೆ. ಬೇರೇನೂ ಇಲ್ಲ. ತಳದ ಗಸಿಗೆ ಬೆರಳದ್ದಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಚಹಾಪುಡಿ ಬಿಟ್ಟು ಮತ್ತೇನೂ ಅಂಟಿರಲಿಲ್ಲ.

ನಿನ್ನೆ ರಾತ್ರಿ ಅವಳು ಚಹಾ ಮಾಡಿರಲಿಲ್ಲ.

ಅಂಗಳದಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಿದ್ದರು. ಗಂಡನ ಹೆಣ ಮುಂದಿಟ್ಟುಕೊಂಡು ಹೆಂಡತಿ ಹಿತ್ತಲ ಶೆಡ್ಡಿನಲ್ಲಿ ಏನು ಹುಡುಕುತ್ತಾಳೆ ಎಂದು ಕೇಳುವವರು ಕೇಳಿಯೇ ಕೇಳುತ್ತಾರೆ. ಆದರೂ ಅವಳು ಹೊರಸಿನ ಕೆಳಗೆ ಬಗ್ಗಿದಳು, ಎಣ್ಣೆ ಡಬ್ಬಿ ಸರಿಸಿದಳು, ಹಾಸಿಗೆಯ ಮಡಿಕೆ ಬಿಡಿಸಿದಳು. ಗುಳಿಗೆಯ ಹಾಳೆಯಿಲ್ಲ, ಬಾಟಲಿಯಿಲ್ಲ.

ಬೆಳಿಗ್ಗೆ ಶಶಿಕಾಂತ ಇದೇ ಹೊರಸಿನ ಮೇಲೆ ತಣ್ಣಗಾಗಿದ್ದ, ಎರಡೂ ಕಿವಿಯಲ್ಲಿ ವಾಕ್‌ಮನ್ನಿನ ವೈರು. ಡಾಕ್ಟರು ಬಂದು ‘ಹಾರ್ಟ್’ ಎಂದು ಹೇಳಿ ಹೋದರು. ನಲವತ್ತು ದಾಟದ ಮಗ್ಗದ ಮಿಸ್ತ್ರಿ, ಬೀಡಿ ಸೇದುತ್ತಿದ್ದ, ನಿದ್ದೆಗೆಡುತ್ತಿದ್ದ. ಯಾರೂ ಎರಡನೆಯ ಮಾತು ಕೇಳಲಿಲ್ಲ. ಉಮಾಶ್ರೀ ಮಾತ್ರ ನಂಬಲಿಲ್ಲ. ಮದುವೆಯಾದಂದಿನಿಂದ ಒಂದೇ ಕ್ಯಾಸೆಟ್ಟು ಕೇಳುತ್ತಿದ್ದ ಮನುಷ್ಯ, ಅದೂ ಅಂಥ ಕತ್ತಲೆಯಂಥ ಕ್ಯಾಸೆಟ್ಟು. ಅವನ ಹೃದಯ ತಾನಾಗಿ ನಿಂತಿತೋ, ಅವನೇ ನಿಲ್ಲಿಸಿದನೋ? ಅವನೇ ನಿಲ್ಲಿಸಿದ್ದರೆ, ಇಷ್ಟು ವರ್ಷ ಅವಳ ಕೈಯ ರೊಟ್ಟಿ ತಿಂದು, ಅವಳ ಮಗ್ಗುಲಲ್ಲಿ ಮಲಗಿ, ಅವನು ಸುಖವಾಗಿರಲಿಲ್ಲ ಎಂದೇ ಅರ್ಥ.

ಬಾಬಿನ್ ಬುಟ್ಟಿಯೊಳಗೆ ಕೈಹಾಕಿದಳು. ಬೆಳಿಗ್ಗೆ ಜನ ಸೇರುವ ಮುಂಚೆ ವಾಕ್‌ಮನ್ನನ್ನು ಅವನ ಕಿವಿಯಿಂದ ಬಿಡಿಸಿ ಅಲ್ಲಿ ಬಚ್ಚಿಟ್ಟಿದ್ದಳು. ಅದು ಇರಲಿಲ್ಲ.

“ಅಕ್ಕಾರ,” ಬಾಗಿಲಲ್ಲಿ ಭೀಮಶಿ ನಿಂತಿದ್ದ. ಶಶಿಕಾಂತನ ಮಗ್ಗಗಳನ್ನು ನಡೆಸುವವ. “ನಿಮ್ಮ ಭಾವಾರು ಬಂದ್ರು. ಕರ್ಯಾಕತ್ತಾರ.”

“ಈ ಬುಟ್ಟಿ ಯಾರ ಮುಟ್ಟಿದ್ರೋ?”

“ಮಗ್ಗಾನ ಬಂದ್ ಅದಾವ, ಬುಟ್ಟಿ ಯಾರ ಮುಟ್ತಾರ್ರಿ?”

ಖರೆ. ಓಣಿಯಲ್ಲಿ ಸಾವಾದರೆ ಹೆಣ ಎತ್ತುವ ತನಕ ಯಾರೂ ಮಗ್ಗದ ಸ್ವಿಚ್ಚು ಒತ್ತುವುದಿಲ್ಲ. ಬನಹಟ್ಟಿಗೆ ಬಂದಮೇಲೆ ಉಮಾಶ್ರೀ ಇಷ್ಟು ನಿಶ್ಶಬ್ದವನ್ನು ಹಗಲಲ್ಲಿ ಕೇಳಿರಲಿಲ್ಲ. ಭೀಮಶಿಯ ಅಂಗಿಯ ಕಿಸೆಯನ್ನೇ ಒಂದು ಗಳಿಗೆ ನೋಡಿದಳು. ಚಪ್ಪಟೆಯಾಗಿತ್ತು.

*

ಅಂಗಳದಲ್ಲಿ ಅಮಸಿದ್ದಪ್ಪ ತಮ್ಮನ ತಲೆಯ ಹತ್ತಿರ ಕೂತು, ಭಂಡಾರ ಹಚ್ಚಿದ ಹಣೆಯನ್ನು ಟವೆಲಿನಿಂದ ಒರೆಸಿಕೊಳ್ಳುತ್ತಿದ್ದ. ಬೀಳಗಿ ಕಡೆಯ ಪುನರ್ವಸತಿ ಊರಿನಿಂದ ತಾಯಿ, ಮುದುಕಿ ಹೊಳೆವ್ವನನ್ನು ಜೀಪಿನಲ್ಲಿ ಕರೆತಂದಿದ್ದ. ಅವಳು ಗೋಡೆಗೆ ಒರಗಿ ಕೂತು ಮಗನ ಪಾದ ಹಿಡಿದಿದ್ದಳು. ಅಳುತ್ತಿರಲಿಲ್ಲ.

“ಉಮಾ, ಜೀವಾ ಹೋಗೂ ಹೊತ್ತಿನ್ಯಾಗ ಕಿವ್ಯಾಗ ಅದ ಇತ್ತಂತಲ್ಲ. ಭೀಮಶಿ ಹೇಳಿದ,” ಎಂದ ಅಮಸಿದ್ದಪ್ಪ.

ಉಮಾಶ್ರೀ ಭೀಮಶಿಯ ಕಡೆ ನೋಡಿದಳು. ಅವನು ನೆಲ ನೋಡಿದ.

“ಮೈಮ್ಯಾಲಿದ್ದದ್ದು ಅಂವನ ಕೂಡನ ಕುಣಿಗೆ ಹೋಗಬೇಕು. ಆ ಪೀಡಾ ಮನ್ಯಾಗ ಉಳೀಬಾರದು. ಇವತ್ತ ಅಂವನ್ನ ಒಯ್ದೈತಿ, ನಾಳಿ ಇನ್ನೊಬ್ಬರನ್ನ ಒಯ್ತೈತಿ.”

“ಹಾರ್ಟ್ ಅಂದಾರ್ರೀ ಡಾಕ್ಟರು.”

“ಡಾಕ್ಟರ್ ಏನ ಅದನ್ನ ಕೇಳ್ಯಾನೇನ? ನಾ ಕೇಳೇನಿ. ಸತ್ತವರ ಹಾಡ ಅದು. ಮನಿಶಾ ದಿನಾ ಕೇಳಿದ್ರ ಏನಾಗಬೇಕ?”

ಕೂತಿದ್ದ ಹೆಂಗಸರಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡರು. ಅವರ ಕಣ್ಣಲ್ಲಿ ತನ್ನದೇ ಅನುಮಾನ ಓಡಾಡುವುದನ್ನು ಉಮಾಶ್ರೀ ಕಂಡಳು. ತನ್ನ ಒಳಗಿದ್ದಾಗ ಅದು ಅಷ್ಟು ಅಸಹ್ಯವಾಗಿ ಕಂಡಿರಲಿಲ್ಲ.

“ಹುಡಕ್ತೀನ್ರಿ,” ಎಂದಳು. ಅವಳಿಗೂ ಅದು ಮನೆಯಲ್ಲಿ ಬೇಡವಾಗಿತ್ತು. ಅದಕ್ಕೆ ಕಾರಣ ಭಾವನಿಗೆ ಗೊತ್ತಿರಲಿಲ್ಲ. ಹೋದ ವಾರ ಪಾತ್ರೆ ತೊಳೆಯುತ್ತಿದ್ದ ಮಗಳು ಮಾಲಾಳ ಬಾಯಿಂದ ಆ ಹಾಡಿನ ರಾಗ ಬಂದಿತ್ತು.

*

ಮದುವೆಯಾಗಿ ಬಂದ ಮೊದಲ ವಾರವೇ ಶಶಿಕಾಂತ ಅದನ್ನು ಟೇಪ್ ರೆಕಾರ್ಡರಿನಲ್ಲಿ ಹಚ್ಚಿದ್ದ. ಹೊರಗೆ ಹೆಸರಿಲ್ಲದ, ಮನೆಯಲ್ಲೇ ತುಂಬಿಸಿದ ಕ್ಯಾಸೆಟ್ಟು. ಮೊದಲು ಡ್ರಮ್ಮು, ಒಂದೇ ಸಮ, ಬೇಸರವಿಲ್ಲದೆ. ಆಮೇಲೆ ಒಂದು ದಪ್ಪ ತಂತಿಯ ಸದ್ದು. ಬಹಳ ಹೊತ್ತಾದ ಮೇಲೆ ಇಂಗ್ಲಿಷಿನಲ್ಲಿ ಗಂಡಸಿನ ದನಿ: ಬಾವಿಯ ತಳದಲ್ಲಿ ಕೂತವನು, ಮೇಲೆ ಬರುವ ಆಸೆಯಿಲ್ಲದೆ, ತನ್ನಷ್ಟಕ್ಕೆ ಮಾತಾಡಿದ ಹಾಗೆ.

“ಏನಂತಾನ್ರಿ ಇಂವಾ?”

“ನನಗೂ ಪೂರಾ ಗೊತ್ತಿಲ್ಲ.”

“ಗೊತ್ತಿಲ್ದ ಕೇಳ್ತೀರಿ?”

“ಅಕ್ಕಿಕಾಳ ಹಾಕೂ ಮುಂದ ಸ್ವಾಮಿ ಹೇಳಿದ ಮಂತ್ರ ನಿನಗ ಗೊತ್ತಾತೇನ? ಆದ್ರೂ ಕಟಗೊಂಡಿ ನನ್ನ.”

ಅವನು ನಕ್ಕ. ಅವಳು ನಗಲಿಲ್ಲ. ಜಮಖಂಡಿಯ ಕಾಲೇಜಿನಲ್ಲಿ ಬಿ.ಎ. ಮಾಡಿದವಳು, ಡಿಕ್ಷನರಿ ತೆಗೆದು ಕೂತಳು. ಹಿಡಿಯಲು ಸಿಕ್ಕಿದ್ದು ಮೂರು ಮಾತು. ಕೋಣೆ. ಕತ್ತಲೆ. ಮತ್ತೆ. ಅಷ್ಟರಲ್ಲೇ ಅವಳು ಮನಸ್ಸಿನಲ್ಲಿ ಒಬ್ಬ ಹೆಂಗಸನ್ನು ಕಟ್ಟಿದಳು. ಕಾಲೇಜಿನವಳಿರಬೇಕು, ಬಿಟ್ಟುಹೋದವಳಿರಬೇಕು. ಅವನ ಕಿಸೆ ನೋಡಿದಳು, ಟ್ರಂಕು ನೋಡಿದಳು, ಸಂತೆಗೆ ಹೋದರೆ ಬರುವ ದಾರಿ ನೋಡಿದಳು. ಹೆಂಗಸು ಸಿಗಲಿಲ್ಲ. ಆಮೇಲೆಯೇ ಅವಳಿಗೆ ನಿಜವಾದ ಹೆದರಿಕೆ ಹುಟ್ಟಿದ್ದು. ಬೇರೆ ಯಾರೂ ಇಲ್ಲದಿದ್ದರೆ ಆ ದುಃಖಕ್ಕೆ ಕಾರಣ ಯಾರು?

ಮಾಲಾ ಹೊಟ್ಟೆಯಲ್ಲಿದ್ದಾಗ ಒಂದು ದಿನ ಆ ಕ್ಯಾಸೆಟ್ಟನ್ನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟಳು. ಶಶಿಕಾಂತ ಮನೆಯೆಲ್ಲ ಹುಡುಕಿದ. ಕೊನೆಗೆ ಡಬ್ಬಿಯಿಂದ ಅದನ್ನು ಎತ್ತಿ, ಧೋತರದ ಸೆರಗಿನಿಂದ ಹಿಟ್ಟು ಒರೆಸಿ, ಉಫ್ ಎಂದು ಊದಿದ. ಮರುದಿನದಿಂದ ಟೇಪ್ ರೆಕಾರ್ಡರು ಹಿತ್ತಲ ಶೆಡ್ಡಿಗೆ ಹೋಯಿತು; ರಾತ್ರಿ ಒಬ್ಬನೇ ಕೇಳಲಿಕ್ಕೆ ವಾಕ್‌ಮನ್ ಬಂದದ್ದು ಎಷ್ಟೋ ವರ್ಷದ ಮೇಲೆ. ಆಮೇಲೆ ಅವಳಿಗೆ ಕೇಳಿದ್ದೆಲ್ಲ ಗೋಡೆಯಾಚೆಯದು. ಮಗ್ಗಗಳ ಗದ್ದಲ, ಅದು ನಿಂತ ಮೇಲೆ ಬಾವಿಯ ತಳದ ಆ ದನಿ.

*

ಹನ್ನೊಂದರ ಬಿಸಿಲಿಗೆ ತೇರದಾಳದಿಂದ ಪದ್ಮರಾಜ ಬಂದ. ಅರಿವೆ ಅಂಗಡಿಯವ, ಶಶಿಕಾಂತನ ಕಾಲೇಜಿನ ಗೆಳೆಯ. ಹೂವಿನ ಮಾಲೆ ಹಾಕಿ, ಕೈಮುಗಿದು, ಉಮಾಶ್ರೀಯ ಹತ್ತಿರ ಬಂದು ದನಿ ತಗ್ಗಿಸಿದ.

“ವೈನೀ, ತಪ್ಪ ತಿಳೀಬ್ಯಾಡ್ರಿ. ಆ ಕ್ಯಾಸೆಟ್ ಇನ್ನೂ ಐತೇನ್ರಿ?”

ಇವನಿಗೂ ಅದೇ ಬೇಕು. ಉಮಾಶ್ರೀ ಅವನ ಕೈಚೀಲದ ಕಡೆ ನೋಡಿದಳು. “ಯಾಕ್ರಿ?”

“ನಾನ ತಂದದ್ರಿ ಅದು. ಪುಣೆದಾಗ ನಮ್ಮ ಕಾಕಾನ ಮಗನ ಕಡೆ ತುಂಬಿಸಿಕೊಂಡ ಬಂದಿದ್ದೆ. ಜಮಖಂಡ್ಯಾಗ ನಾವಿಬ್ರೂ ಒಂದ ಖೋಲ್ಯಾಗ ಇದ್ವಿ. ಅವರ ಊರು ಡ್ಯಾಮಿನ ಹಿನ್ನೀರಾಗ ಹೋಗೂದಿತ್ತು. ಅಂವಾ ಮನಿ ಕಿತ್ತು, ಬಾಗಲಾ, ತೊಲಿ ಟ್ರ್ಯಾಕ್ಟರಿಗೆ ಹೇರಿಸಿ ಬಂದ. ಬಂದಾಗ ನಾ ಇದನ್ನ ಹಚ್ಚಿದ್ದೆ. ಬಂದ್ ಮಾಡ್ಲೇನ ಅಂದೆ. ‘ಇರಲಿ ಬಿಡೋ, ಊರ ಮಂದೆಲ್ಲಾ ಅಳಾಕತ್ತೈತಿ. ಇಂವಾ ಒಬ್ಬನ ಅಳವಲ್ಲ’ ಅಂದ.”

“ಅಳೂದಲ್ದ ಮತ್ತೇನ್ರಿ ಅದು?”

“ಅದನ್ನ ನನಗ ಕೇಳಿದ್ರ? ತಿಂಗಳದಾಗ ಬ್ಯಾಸರ ಬಂತು, ಅಂವಗ ಕೊಟ್ಟಬಿಟ್ಟೆ. ಇಷ್ಟ ವರ್ಷ ಅಂವಾ ಏನ ಕೇಳಿದ ಅದರಾಗ ಅಂತ, ಈಗರೆ ತಿಳೀತೈತೇನ ನೋಡೂಣ ಅಂತ ಬಂದೆ.”

ಅವನ ಕಣ್ಣು ಒದ್ದೆಯಾಗಿತ್ತು. ಆದರೂ ಕ್ಯಾಸೆಟ್ಟು ಇದೆಯೆಂದು ಉಮಾಶ್ರೀ ಒಪ್ಪಿಕೊಳ್ಳಲಿಲ್ಲ. ಅಳುವವರಿಗಿಂತ, ಆ ಹಾಡಿನವನ ಹಾಗೆ ಅಳದವರೇ ಅವಳಿಗೆ ಹೆಚ್ಚು ಹೆದರಿಕೆ ಹುಟ್ಟಿಸುತ್ತಿದ್ದರು. ಅಂಗಳದ ತುಂಬ ಒಮ್ಮೆ ಕಣ್ಣಾಡಿಸಿದಳು. ಭೀಮಶಿ ಚಟ್ಟಕ್ಕೆ ಬಿದಿರು ಕಡಿಯುತ್ತಿದ್ದ. ಪದ್ಮರಾಜ ಇಲ್ಲೇ ಇದ್ದ. ಹೊಳೆವ್ವ ಮಗನ ಪಾದದ ಹತ್ತಿರ.

ಮಾಲಾ ಇರಲಿಲ್ಲ.

*

ಶೆಡ್ಡಿನಲ್ಲಿ, ನಾಲ್ಕನೆಯ ಮಗ್ಗದ ಹಿಂದೆ, ನೂಲಿನ ಉರುಳೆಗೂ ಗೋಡೆಗೂ ನಡುವೆ, ಹುಡುಗಿ ಮಂಡಿ ಮಡಚಿ ಕೂತಿದ್ದಳು. ಕಿವಿಯಲ್ಲಿ ವೈರು.

“ತಗೀ ಅದನ್ನ!”

ಮಾಲಾ ವಾಕ್‌ಮನ್ನನ್ನು ಎದೆಗೊತ್ತಿಕೊಂಡಳು. “ಕೊಡಾಂಗಿಲ್ಲ. ದೊಡ್ಡಪ್ಪಾ ಕುಣ್ಯಾಗ ಹಾಕ್ತಾನ.”

“ಹಾಕ್ಲಿ. ನಿಮ್ಮಪ್ಪಗ ಏನ ಮಾಡಿತು ನೋಡಿದಿಲ್ಲ?”

“ಇದೇನ ಮಾಡಿಲ್ಲ!” ಹುಡುಗಿ ಒಮ್ಮೆಲೇ ಬಿಕ್ಕಿದಳು. “ನಾ ಮಾಡೇನಿ, ಅವ್ವಾ. ರಾತ್ರಿ ಅಪ್ಪಾ ಎದಿ ಉರ್ಯಾಕತ್ತೈತಿ ಅಂದ. ಗ್ಯಾಸ್ ಇರಬೇಕ, ಶುಂಠಿ ಹಾಕಿ ಚಾ ಮಾಡಿ ತಾ, ಅವ್ವನ್ನ ಎಬ್ಬಸಬ್ಯಾಡ, ಅಕಿ ಸುಳ್ಳ ಹೆದರತಾಳ ಅಂದ. ನಾ ಮಾಡಿ ಕೊಟ್ಟೆ. ಕುಡದ. ಎಡಗೈ ಜೋಂ ಹಿಡದೈತಿ ಅಂತಿದ್ದ. ನಾ ನಿದ್ದಿ ಬಂತಂತ ಹೋಗಿ ಮಲಕೊಂಡೆ.”

ಉಮಾಶ್ರೀ ಮಗ್ಗದ ಚೌಕಟ್ಟು ಹಿಡಿದು ನೆಲಕ್ಕೆ ಕೂತಳು. ಬೆಳಗಿನಿಂದ ಮೂಸುತ್ತಿದ್ದ ಲೋಟ. ಎದೆಯುರಿ. ಎಡಗೈ. ಡಾಕ್ಟರು ಸುಳ್ಳು ಹೇಳಿರಲಿಲ್ಲ. ಅವಳು ಮಗಳ ತಲೆಯನ್ನು ಎಳೆದು ತೊಡೆಯ ಮೇಲಿಟ್ಟುಕೊಂಡಳು.

“ಚಾ ಕೊಟ್ಟದ್ದಕ್ಕ ಯಾರೂ ಸಾಯಾಂಗಿಲ್ಲ,” ಎಂದಳು. “ಈ ಹಾಡಿನ್ಯಾಗ ಏನೈತಿ ನಿನಗ? ಖರೆ ಹೇಳ.”

“ಎಳಿ ಹರಿಯೂ ಜಾಗಾ.”

“ಏನು?”

“ಮೂರನೇ ಹಾಡಿನ್ಯಾಗ ಡ್ರಮ್ ಬಾರಸಾವ ಒಂದ ಏಟ ತಪ್ಪತಾನ, ಮಗ್ಗದಾಗ ನೂಲ ಹರದಂಗ. ಅಲ್ಲಿಗೆ ಬಂತಂದ್ರ ಅಪ್ಪಾ, ಭೀಮಶಿ ಕಾಕಾ, ಎಲ್ಲಾರೂ ‘ಎಳಿ ಹರೀತೋ!’ ಅಂತ ಒದರತಿದ್ರು. ಹಾಡಾವನೂ ನೇಕಾರ ಇರಬೇಕಂತಾನ ಭೀಮಶಿ ಕಾಕಾ. ದಿನಾ ಮಗ್ಗದಾಗ ದುಡದು, ರಾತ್ರಿ ಬಂದ ಹಾಡತಾನಂತ. ಅದಕ್ಕ ಅಂವಾ ಅಷ್ಟ ದಣದಾನಂತ.” ಮಾಲಾ ಮೂಗು ಒರೆಸಿಕೊಂಡಳು. “ನಿನಗ ಗೊತ್ತಿಲ್ಲೇನ?”

ಗೊತ್ತಿರಲಿಲ್ಲ. ಶೆಡ್ಡಿನ ಗಂಡಸರು ಆಗಾಗ ಒಟ್ಟಿಗೆ ಕೂಗುವುದು ಅವಳಿಗೆ ಗೋಡೆಯಾಚೆ ಕೇಳಿಸಿತ್ತು. ಮಗ್ಗ ಕೆಟ್ಟಿತೆಂದುಕೊಂಡಿದ್ದಳು.

“ಹಚ್ಚ,” ಎಂದು ವೈರಿಗೆ ಕೈ ಚಾಚಿದಳು.

ಬಾವಿಯ ತಳದವನು ಕಿವಿಯೊಳಗೇ ಬಂದು ಕೂತ. ಅದೇ ಕತ್ತಲೆ, ಅದೇ ದನಿ. ಹಗುರಾಗುವಂಥದ್ದು ಅದರಲ್ಲಿ ಏನೂ ಇರಲಿಲ್ಲ. ಆದರೆ ಕೆಳಗೆ ಡ್ರಮ್ಮು ನಡೆಯುತ್ತಲೇ ಇತ್ತು, ಮಗ್ಗದ ಲಾಳಿ ಹೋಗಿ ಬಂದು ಮಾಡುವ ಹಾಗೆ, ಯಾರು ದಣಿದರೂ ತಾನು ನಿಲ್ಲದ ಹಾಗೆ. ಮಾಲಾ ಅವಳ ಮುಖವನ್ನೇ ನೋಡುತ್ತಿದ್ದಳು. ಹಾಡು ಬಾಯಿಪಾಠವಾಗಿದ್ದ ಹುಡುಗಿ ಒಮ್ಮೆ ಬೆರಳೆತ್ತಿದಳು. ಅದೇ ಕ್ಷಣಕ್ಕೆ ಏಟು ತಪ್ಪಿತು. ಕಾಲ್ಕೆಳಗಿನ ಮೆಟ್ಟಿಲು ಮಾಯವಾದಂತೆ ಒಂದು ತೂತು, ಮತ್ತೆ ಮೊದಲಿನ ನಡಿಗೆ. ಉಮಾಶ್ರೀಯ ಬಾಯಿಂದ ಅವಳಿಗೇ ತಿಳಿಯದೆ ಒಂದು ಸದ್ದು ಬಂತು. ನಗುವೆಂದು ಗೊತ್ತಾಗುವಷ್ಟರಲ್ಲಿ ಅದು ಅಳುವಾಗಿತ್ತು. ಬೆಳಗಿನಿಂದ ಅವಳು ಅತ್ತದ್ದು ಅದೇ ಮೊದಲು.

*

“ಸಿಕ್ಕಿತೇನ?” ಅಮಸಿದ್ದಪ್ಪ ಅಂಗಳದ ನಡುವೆ ಕೈಯೊಡ್ಡಿ ನಿಂತಿದ್ದ.

“ಸಿಕ್ಕಿತ್ರಿ. ಸುಟ್ಟಬಿಟ್ಟೆ.”

“ಎಲ್ಲಿ ಸುಟ್ಟಿ?”

“ಒಲ್ಯಾಗ.”

ಹೇಳಿದ ಮರುಕ್ಷಣವೇ ಅವಳಿಗೆ ತಪ್ಪು ಗೊತ್ತಾಯಿತು. ಹೆಂಗಸರ ಅಳು ನಿಂತಿತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಬೆಳಗಿನಿಂದ ಎಲ್ಲರಿಗೂ ಚಹಾ ಪಕ್ಕದ ಮನೆಯಿಂದ ಬಂದಿತ್ತು. ಅಡುಗೆಮನೆಯ ಒಲೆ ಬಾಗಿಲಿಂದ ಎಲ್ಲರಿಗೂ ಕಾಣುತ್ತಿತ್ತು. ನಿನ್ನೆಯ ಬೂದಿ, ಮೇಲೊಂದು ಬೆಕ್ಕು.

“ಯಾವ ಒಲ್ಯಾಗ?” ಅಮಸಿದ್ದಪ್ಪನ ಕಣ್ಣು ಅವಳ ಮುಖದಿಂದ ಕೆಳಗಿಳಿದು ಸೊಂಟದ ಹತ್ತಿರ ನಿಂತಿತು. ಅಲ್ಲಿ, ಸೀರೆಯ ನೆರಿಗೆಯೊಳಗೆ, ವಾಕ್‌ಮನ್ ಇತ್ತು. ಅವಳು ಸೆರಗು ಸುತ್ತಿಕೊಂಡಳು. ಸುತ್ತಿಕೊಂಡದ್ದೇ ತಪ್ಪಾಯಿತೆನ್ನಿಸಿತು.

“ಹಿತ್ತಲದಾಗ,” ಎಂದಳು ಹೊಳೆವ್ವ.

ಬೆಳಗಿನಿಂದ ಮುದುಕಿ ಆಡಿದ ಮೊದಲ ಮಾತು ಅದು. ಎಲ್ಲರೂ ಅತ್ತ ತಿರುಗಿದರು.

“ಹೆಣದ ನೀರ ಕಾಯಿಸಾಕ ಮೂರ ಕಲ್ಲ ಹೂಡ್ಯಾರಲ್ಲ, ಅದರಾಗ ಹಾಕಿದ್ಲು. ನಾನ ನೋಡೇನಿ.”

“ನೀ ಇಲ್ಲಿಂದ ಎದ್ದಿಲ್ಲಬೇ ಯವ್ವಾ!”

“ನಾ ಎದ್ದದ್ದು ಕುಂತದ್ದು ನಿನಗ ಹೇಳಿ ಮಾಡ್ಲೇನ? ಹೆಣಾ ಎತ್ತೋ ಹೊತ್ತಾತು. ಹೆಗಲ ಕೊಡ ನಡಿ.”

ಉಮಾಶ್ರೀ ಅತ್ತೆಯ ಕಡೆ ನೋಡಿದಳು. ಆ ಕ್ಯಾಸೆಟ್ಟನ್ನು ಮೊದಲಿನಿಂದ ಪೀಡೆ ಎಂದು ಕರೆದವಳು ಹೊಳೆವ್ವನೇ. ಮುದುಕಿ ಯಾಕೆ ಸುಳ್ಳು ಹೇಳಿದಳು? ಮುಂದೆ ಯಾವತ್ತೋ ಇದನ್ನೇ ಎತ್ತಿ ಆಡಲಿಕ್ಕೋ? ಹೊಳೆವ್ವನ ಮುಖದಲ್ಲಿ ಏನೂ ಓದಲು ಸಿಗಲಿಲ್ಲ. ಅವಳು ಮತ್ತೆ ಮಗನ ಪಾದದ ಧೂಳು ಒರೆಸುತ್ತಿದ್ದಳು.

*

ಡೊಳ್ಳಿನವರು ಮುಂದೆ ನಡೆದರು. ಹೆಣ ಓಣಿ ದಾಟುತ್ತಿದ್ದಂತೆ ಹಿಂದೆ ಒಂದು ಮಗ್ಗ ಶುರುವಾಯಿತು, ಅದರ ಹಿಂದೆ ಇನ್ನೊಂದು.

ಕುಣಿಯ ಸುತ್ತ ಹೊಸ ಎರೆಮಣ್ಣು ರಾಶಿ ಬಿದ್ದಿತ್ತು. ಶಶಿಕಾಂತನನ್ನು ಇಳಿಸಿ ಉಪ್ಪು, ವಿಭೂತಿ ಹಾಕಿದರು. ಅಮಸಿದ್ದಪ್ಪ ಮೊದಲ ಹಿಡಿ ಮಣ್ಣು ಹಾಕಿದ. ಆಮೇಲೆ ಪದ್ಮರಾಜ, ಭೀಮಶಿ. ಮಾಲಾಳನ್ನು ಯಾರೋ ಕೈಹಿಡಿದು ಮುಂದೆ ತಂದರು.

ಉಮಾಶ್ರೀಯ ಸರದಿ ಬಂತು. ಅವಳು ಮಣ್ಣಿಗೆ ಬಗ್ಗಿದಳು. ನೆರಿಗೆಯೊಳಗೆ ಏನೋ ಖಟ್ ಎಂದಿತು. ಹೊಟ್ಟೆಗೆ ಒತ್ತಿಕೊಂಡಿದ್ದ ಆ ಪುಟ್ಟ ಯಂತ್ರ ಸಣ್ಣಗೆ ನಡುಗಿ ತಿರುಗತೊಡಗಿತು. ಅವಳು ಬಗ್ಗಿದಂತೆಯೇ ನಿಂತಳು. ಎದುರಿಗೆ ಅಮಸಿದ್ದಪ್ಪ ಅವಳ ಕೈಯನ್ನೇ ನೋಡುತ್ತಿದ್ದ. ಸುತ್ತಿಟ್ಟ ವೈರಿನಿಂದ ಹೊರಗೆ ಯಾರಿಗೂ ಏನೂ ಕೇಳುವಂತಿರಲಿಲ್ಲ. ಚರ್ಮಕ್ಕೆ ಮಾತ್ರ ಗೊತ್ತಾಗುತ್ತಿತ್ತು, ಎರಡು ಚಕ್ರ ಒಂದೇ ಸಮ ತಿರುಗುವುದು.

“ಹಾಕ ಯವ್ವಾ, ಮಂದಿ ಕಾಯಾಕತ್ತಾರ,” ಎಂದರು ಯಾರೋ.

ಅವಳು ಸೊಂಟಕ್ಕೆ ಕೈ ಒಯ್ಯಲಿಲ್ಲ. ಎರಡೂ ಕೈಯಲ್ಲಿ ಮಣ್ಣು ತುಂಬಿಕೊಂಡು ನೆಟ್ಟಗಾದಳು. ಕುಣಿಯ ಅಂಚಿಗೆ ಬಂದು, ಭಾವನ ಕಣ್ಣನ್ನು ನೇರ ನೋಡುತ್ತಾ, ಬೆರಳುಗಳನ್ನು ನಿಧಾನವಾಗಿ ಸಡಿಲಿಸಿದಳು. ಕಪ್ಪು ಮಣ್ಣು ಬೆರಳ ಸಂದಿಯಿಂದ ಸಣ್ಣಗೆ, ನೂಲಿನ ಎಳೆಯ ಹಾಗೆ, ಎಲ್ಲೂ ತುಂಡಾಗದೆ, ಕೆಳಗೆ ಇಳಿಯಿತು.