ಇಯರ್‌ಫೋನಿನೊಳಗಿನ ಪ್ರಶ್ನೆಪತ್ರಿಕೆ

ನಮ್ಮ ಯಜಮಾನರು ಪೂರ್ಣೇಶರಿಗೆ ಮೆಲ್ಲಗೆ ಮಾತಾಡುವುದು ಬರುವುದಿಲ್ಲ. ತೀರ್ಥಹಳ್ಳಿ ಪೇಟೆಯಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ ಇದೆ. ಅದರ ಸದ್ದಿನ ಮೇಲೆ ಮಾತಾಡಿ ಮಾತಾಡಿ ಅವರ ಗಂಟಲು ಅದೇ ಎತ್ತರದಲ್ಲಿ ನಿಂತುಬಿಟ್ಟಿದೆ. ಮದುವೆಯಾದ ಹೊಸತರಲ್ಲಿ ನನಗದು ತಮಾಷೆಯಾಗಿತ್ತು. ಕಣ್ಣು ಹೋದಮೇಲೆ ತಮಾಷೆ ಉಳಿಯಲಿಲ್ಲ.

ನಾನು ಸರೋಜ, ಹೈಸ್ಕೂಲಿನಲ್ಲಿ ಕನ್ನಡ ಟೀಚರು. ರೆಟಿನಾದ ಕಾಯಿಲೆ, ವರ್ಷದಿಂದ ವರ್ಷಕ್ಕೆ ಅಂಚಿನಿಂದ ಕತ್ತಲೆ ಒತ್ತರಿಸಿಕೊಂಡು ಬಂದು, ಈಗ ಕಿಟಕಿ ಯಾವ ಕಡೆ ಇದೆ ಎಂದು ತಿಳಿಯುವಷ್ಟು ಬೆಳಕು ಮಾತ್ರ ಉಳಿದಿದೆ. ಪಾಠ ಮಾಡಲು ನನಗೆ ಕಣ್ಣು ಬೇಕಿಲ್ಲ. ಪದ್ಯಗಳೆಲ್ಲ ಬಾಯಿಗೇ ಬರುತ್ತವೆ, ಹಿಂದಿನ ಬೆಂಚಿನಲ್ಲಿ ಯಾರು ಪಿಸುಗುಟ್ಟಿದರೂ ಹೆಸರು ಹಿಡಿದು ಎಬ್ಬಿಸುತ್ತೇನೆ. ಓದುವುದಕ್ಕೆ ಬರೆಯುವುದಕ್ಕೆ ಒಂದು ಹಳೆಯ ಲ್ಯಾಪ್‌ಟಾಪ್ ಇತ್ತು. ಪರದೆಯ ಮೇಲಿದ್ದುದನ್ನೆಲ್ಲ ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಇಯರ್‌ಫೋನ್ ಹಾಕಿಕೊಂಡು ಕೂತರೆ ಮೆಸೇಜು, ಪೇಪರು, ಬ್ಯಾಂಕು ಎಲ್ಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೆ.

ಆ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಕೆಟ್ಟು ಕೂತಿತು. ಅಂದಿನಿಂದ ಓದುವ ಕೆಲಸ ಪೂರ್ಣೇಶರ ಪಾಲಿಗೆ ಬಂತು.

ಪ್ರೀತಿಯಿಂದಲೇ ಓದುತ್ತಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಜಗಲಿಯಲ್ಲಿ ಕೂತು, ಗಿರಣಿಯ ಗಂಟಲಿನಲ್ಲಿ. ನನ್ನ ರಕ್ತಪರೀಕ್ಷೆಯ ರಿಪೋರ್ಟು ಓದಿದರು; ಬೇಲಿಯಾಚೆಯ ಮೂಕಮ್ಮ ಮಾರನೆಯ ಬೆಳಿಗ್ಗೆ, "ಟೀಚರೇ, ಶುಗರ್ ಬಾರ್ಡರಿಗೆ ಬಂದಿದ್ಯಂತೆ? ಅನ್ನ ಕಮ್ಮಿ ಮಾಡಿ" ಎಂದರು. ನನ್ನ ತಂಗಿ ತನ್ನ ಅತ್ತೆಯ ಮೇಲೆ ಸಿಟ್ಟಾಗಿ ಕಳಿಸಿದ ಮೆಸೇಜು ಓದಿದರು. ಮೂಕಮ್ಮ ಆ ಅತ್ತೆಯ ಪರ ವಹಿಸಿ ನನ್ನ ಜೊತೆ ಜಗಳಕ್ಕೇ ಬಂದರು. ಬ್ಯಾಂಕಿನ ಓಟಿಪಿ ನನಗೆ ಬಂದರೆ ಇಡೀ ಕೇರಿಗೆ ಬಂದ ಹಾಗೆ.

"ಸ್ವಲ್ಪ ಮೆಲ್ಲಗೆ ಓದ್ರಿ" ಎಂದರೆ, "ಮೆಲ್ಲಗೇ ಓದ್ತಿದೀನಲ್ಲ ಮಾರಾಯ್ತಿ!" ಎಂದು ಕೂಗುತ್ತಿದ್ದರು.

ಹೀಗಿರುವಾಗ ಪ್ರಶ್ನೆಪತ್ರಿಕೆಯ ಸರದಿ ಬಂತು. ನಮ್ಮ ಕಡೆಯ ಕನ್ನಡ ಶಿಕ್ಷಕರದೊಂದು ಬಳಗವಿದೆ. ಹತ್ತನೇ ತರಗತಿಯ ಮಕ್ಕಳಿಗೆ ದೊಡ್ಡ ಪರೀಕ್ಷೆಗೆ ಮೊದಲು ಎಲ್ಲ ಶಾಲೆಗಳಿಗೂ ಸೇರಿ ಒಂದು ಪೂರ್ವಸಿದ್ಧತಾ ಪರೀಕ್ಷೆ ಮಾಡುತ್ತೇವೆ. ಪತ್ರಿಕೆ ತೆಗೆಯುವ ಕೆಲಸ ವರ್ಷಕ್ಕೊಬ್ಬರಿಗೆ, ಈ ವರ್ಷ ನನಗೆ. ನಿಯಮ ಒಂದೇ: ಪತ್ರಿಕೆ ಅಚ್ಚಿಗೆ ಹೋಗುವವರೆಗೆ ಅದನ್ನು ತೆಗೆದವರ ಹೊರತು ಇನ್ನೊಂದು ಜೀವ ನೋಡಕೂಡದು. ಬಳಗದ ಸಂಚಾಲಕರಾದ ಮುಕುಂದಯ್ಯ ಮೇಷ್ಟ್ರು ಶಾಲೆಗೇ ಬಂದರು.

"ಮೇಡಂ, ಈ ಸಲ ನಿಮಗೆ ಕಷ್ಟ ಆಗ್ಬಹುದು. ಬೇರೆಯವ್ರಿಗೆ ಕೊಡಾಣ. ಬೇಕಾದ್ರೆ ಪಟ್ಟೀಲಿ ನಿಮ್ಮ ಹೆಸ್ರೇ ಇರ್ಲಿ."

ಒಳ್ಳೆಯ ಮನುಷ್ಯ. ಒಳ್ಳೆಯವರ ಕರುಣೆಯ ಮೇಲೆ ಸಿಟ್ಟು ಮಾಡುವುದು ಕಷ್ಟ. ಆದರೂ ನನಗೆ ಮೈ ಉರಿಯಿತು. "ನನ್ನ ಹೆಸ್ರು ಇರ್ಬೇಕಾದ್ರೆ ಪ್ರಶ್ನೇನೂ ನನ್ನದೇ ಇರ್ಬೇಕು ಸರ್. ನಾನೇ ತೆಗೀತೀನಿ" ಎಂದೆ. ಅವರು, "ಹಂಗಾದ್ರೆ ಬರೋ ಸೋಮವಾರಕ್ಕೆ ಕೊಡಿ. ಆಗ್ಲಿಲ್ಲ ಅಂದ್ರೆ ಒಂದು ಫೋನ್ ಮಾಡಿ, ಬೇಜಾರಿಲ್ಲ" ಎಂದು ಹೋದರು.

ಹೇಳುವುದೇನೋ ಹೇಳಿದೆ. ಮಾಡುವುದು ಹೇಗೆ? ಬಾಯಲ್ಲಿ ಹೇಳಿ ಬರೆಸೋಣವೆಂದರೆ ಬರೆದವರಿಗೆ ಪತ್ರಿಕೆ ಗೊತ್ತಾದ ಹಾಗೆ. ಪೂರ್ಣೇಶರ ಕೈಲಿ ಓದಿಸಿ ತಿದ್ದೋಣವೆಂದರೆ, ಬೇಲಿಯಾಚೆ ಮೂಕಮ್ಮನ ಮೊಮ್ಮಗಳು ಚೈತ್ರಾ ಇದ್ದಾಳೆ, ಅವಳು ಈ ಸಲ ಹತ್ತನೇ ತರಗತಿ. ಮೇಷ್ಟ್ರಿಗೆ ಆ ಫೋನ್ ಮಾಡಿದರೆ ಮುಂದೇನಾಗುತ್ತದೆಂದು ನನಗೆ ಗೊತ್ತಿತ್ತು. ಇವತ್ತು ಪ್ರಶ್ನೆಪತ್ರಿಕೆ, ನಾಳೆ ಮೌಲ್ಯಮಾಪನ, ಆಮೇಲೆ ಲೈಬ್ರರಿಯಲ್ಲೊಂದು ಕುರ್ಚಿ ಹಾಕಿ 'ಮೇಡಂ ಆರಾಮಾಗಿರ್ಲಿ' ಎನ್ನುತ್ತಾರೆ. ಒಬ್ಬಳೇ ಮಾಡಬೇಕಾದ ಕೆಲಸ ನನ್ನಿಂದಾಗದು ಎಂದು ಒಮ್ಮೆ ಒಪ್ಪಿಕೊಂಡರೆ ನಾನು ಟೀಚರಾಗಿ ಮುಗಿದೆ ಅಂತಲೇ ಲೆಕ್ಕ. ಭಯವಾಗಿತ್ತು, ತುಂಬಾ ಭಯವಾಗಿತ್ತು.

ಪೂರ್ಣೇಶರು ಗಿರಣಿಗೆ ಬೀಗ ಹಾಕಿ ಲ್ಯಾಪ್‌ಟಾಪ್ ಎತ್ತಿಕೊಂಡು ಸಾಗರದ ಬಸ್ಸು ಹತ್ತಿದರು. ಅಲ್ಲಿ ಕಂಪ್ಯೂಟರ್ ರಿಪೇರಿಯ ಹರಿಪ್ರಸಾದ್ ಇವರ ಗುರುತಿನವರು. ಅವರ ಅಂಗಡಿಯಿಂದಲೇ ನನಗೆ ಫೋನ್ ಬಂತು.

"ಅಕ್ಕ, ಹೊಸ ಡಿಸ್ಕ್ ಹಾಕಿದ್ದೇನೆ, ಆದ್ರೆ ಒಳಗೆ ಎಂತದೂ ಇಲ್ಲ" ಎಂದರು ಹರಿಪ್ರಸಾದ್. "ಹೊಸ ವಿಂಡೋಸ್ ಈ ಹಳೇ ಯಂತ್ರಕ್ಕೆ ಹತ್ತೂದಿಲ್ಲ. ಹಳೇದಕ್ಕೆ ಕಂಪೆನಿಯವ್ರು ಸಪೋರ್ಟ್ ನಿಲ್ಸಿದ್ದಾರೆ. ವಿಂಡೋಸ್ ಬದ್ಲಿಗೆ ಲಿನಕ್ಸ್ ಹಾಕ್ಕೊಳ್ಳಿ, ಪುಕ್ಕಟೆ. ಅದ್ರಲ್ಲಿ ನೂರಾರು ನಮೂನೆ ಇದೆ, ನಿಮ್ಮ ಕೆಲ್ಸಕ್ಕೆ ಯಾವ್ದು ಹೊಂದ್ತದೆ ಅಂತ ನೀವೇ ನೋಡ್ಕೊಳ್ಳಿ."

ನೋಡಿಕೊಳ್ಳಬೇಕಂತೆ. ನಾನು! ನಗು ಬಂತು. ಅವರಿಗೂ ಆಮೇಲೆ ಹೊಳೆದು, ಪಾಪ, ಮೂರು ಸಲ ಕ್ಷಮೆ ಕೇಳಿದರು.

ನಮ್ಮ ಶಾಲೆಯ ವಿಜ್ಞಾನದ ಟೀಚರು ಲಿಖಿತಾ ಹೊಸನಗರದ ಹುಡುಗಿ, ಬಲು ಚುರುಕು. ವಿಷಯ ಹೇಳಿದ್ದೇ ತಡ, ಶನಿವಾರ ಮಧ್ಯಾಹ್ನ ಪೆನ್‌ಡ್ರೈವ್‌ಗಳನ್ನು ತುಂಬಿಸಿಕೊಂಡು ಮನೆಗೇ ಬಂದಳು. "ಎಲ್ಲಾದೂ ಫ್ರೀ ಮೇಡಂ. ದುಡ್ಡು ಕೊಡೋದು ಬೇಡ ಅಂತಷ್ಟೇ ಅಲ್ಲ, ಒಳಗೆ ಎಂತ ಬರ್ದಿದೆ ಅಂತ ಯಾರು ಬೇಕಾದ್ರೂ ನೋಡ್ಬಹುದು, ತಮಗೆ ಬೇಕಾದ ಹಂಗೆ ತಿದ್ಕೊಬಹುದು. ಅದಕ್ಕೇ ಇಷ್ಟೊಂದು ನಮೂನೆ" ಎಂದಳು.

ಅವಳೂ ಪೂರ್ಣೇಶರೂ ಸೇರಿ ಮೊದಲನೆಯದನ್ನು ಹಾಕಿದರು. ಇಬ್ಬರೂ ಒಟ್ಟಿಗೇ "ಆಹಾ!" ಎಂದರು. ಬಣ್ಣ ಚೆನ್ನಾಗಿದೆಯಂತೆ, ಕಿಟಕಿಗಳು ತೇಲಿಕೊಂಡು ಬರುತ್ತವಂತೆ. ಪೂರ್ಣೇಶರಿಗೆ ಹಳೆಯದರ ಹಾಗೇ ಕಾಣುವುದು ಬೇಕು, ಲಿಖಿತಾಗೆ ಹೊಸ ಥರದ್ದೇ ಇರಲಿ ಎಂಬ ಆಸೆ. ಹಿನ್ನೆಲೆಗೆ ಬೆಟ್ಟದ ಚಿತ್ರವೋ ಹೊಳೆಯ ಚಿತ್ರವೋ ಎಂದು ಚರ್ಚೆ ಶುರುವಾಯಿತು. ನನ್ನ ಪಾಲಿಗೆ ಆ ಡಬ್ಬ ತುಟಿಪಿಟಕ್ ಎನ್ನಲಿಲ್ಲ. ಸುಮ್ಮನೆ ಕೂತು ಕೂತು ನನ್ನ ತಾಳ್ಮೆ ಹರಿಯಿತು.

"ಇದು ಯಾರಿಗೆ ಹಾಕ್ತಿರೋದು? ಬಣ್ಣ ನೀವೇ ಇಟ್ಕೊಳ್ಳಿ. ಹಾಕೋಕೆ ಶುರು ಮಾಡಿದ ಗಳಿಗೆಯಿಂದ ನನ್ನ ಹತ್ರ ಮಾತಾಡೋದು ಯಾವ್ದಿದೆ ಅದನ್ನ ಕೊಡಿ. ನಾಳೆ ಇದು ಕೆಟ್ರೆ ಮತ್ತೆ ಹಾಕ್ಕೊಳ್ಳೋಕೆ ನಿಮ್ಮನ್ನ ಕರೀಬೇಕಾಗಬಾರದು. ಕನ್ನಡ ಬರೀಬೇಕು, ಬರೆದದ್ದನ್ನ ಓದಿ ಹೇಳ್ಬೇಕು. ನೆಟ್ ಇಲ್ದೇನೂ ಹೇಳ್ಬೇಕು."

ಇಬ್ಬರೂ ತಣ್ಣಗಾದರು. ಲಿಖಿತಾ ಎರಡನೆಯದನ್ನು ಹಾಕಿ, ಎಲ್ಲೆಲ್ಲೋ ಹುಡುಕಿ ಮಾತಾಡುವ ವ್ಯವಸ್ಥೆಯನ್ನು ಚಾಲೂ ಮಾಡಿದಳು. ಇಂಗ್ಲಿಷನ್ನು ಪಟಪಟ ಹೇಳಿತು, ಕನ್ನಡದ ಸಾಲು ಬಂದ ಕೂಡಲೇ ಬಾಯಿ ಮುಚ್ಚಿಕೊಂಡಿತು. ಅದನ್ನೂ ಸರಿಮಾಡಬಹುದಿತ್ತೇನೋ. ಆದರೆ ಮಾತಿನ ವ್ಯವಸ್ಥೆಯನ್ನು ಹುಡುಕಲು ಮೊದಲು ಕಣ್ಣು ಬೇಕಿತ್ತಲ್ಲ, ನನಗೆ ಅಲ್ಲೇ ಮನಸ್ಸು ಮುರಿಯಿತು. ಮುಕುಂದಯ್ಯ ಮೇಷ್ಟ್ರಿಗೆ ಫೋನಿನಲ್ಲಿ ಏನು ಹೇಳುವುದೆಂದು ಯೋಚಿಸತೊಡಗಿದ್ದೆ.

"ಇನ್ನೊಂದಿದೆ, ಡೆಬಿಯನ್ ಅಂತ. ನೋಡಾಕೆ ಏನೂ ಚೆಂದ ಇಲ್ಲ ಮೇಡಂ, ಹಳೇ ಕಾಲದ್ದು" ಎನ್ನುತ್ತ ಲಿಖಿತಾ ಮೂರನೆಯ ಪೆನ್‌ಡ್ರೈವ್ ಸಿಕ್ಕಿಸಿ ಯಂತ್ರ ಚಾಲೂ ಮಾಡಿದಳು.

ಬೀಪ್ ಎಂದಿತು.

"ತೆಗಿ, ತೆಗಿ!" ಪೂರ್ಣೇಶರು ಚೀರಿದರು. "ನಮ್ಮ ಮೋಟಾರ್ ಹಿಂಗೇ ಕೂಗಿ ಸುಟ್ಟುಹೋಗಿದ್ದು!" ಲಿಖಿತಾ ಹೆದರಿ ಪೆನ್‌ಡ್ರೈವ್ ಕಿತ್ತಳು, ಇವರು ಗುಂಡಿ ಒತ್ತಿ ಹಿಡಿದು ಯಂತ್ರವನ್ನೇ ಆರಿಸಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿದಾಗಲೂ ಅದೇ ಬೀಪು, ಇವರದು ಅದೇ ಚೀರಾಟ. ಗಿರಣಿಯವರಿಗೆ ಯಂತ್ರ ತಾನಾಗಿ ಸದ್ದು ಮಾಡಿತೆಂದರೆ ಹೊಗೆ ಬರುವುದೊಂದೇ ಬಾಕಿ.

"ಯಾರೂ ಮುಟ್ಟಬೇಡಿ" ಎಂದೆ. "ಇನ್ನೊಂದು ಸಲ ಹಾಕು ಲಿಖಿತಾ."

ಬೀಪ್. ಆಮೇಲೆ ಮೌನ. ಇಪ್ಪತ್ತು ವರ್ಷ ಕ್ಲಾಸಿನಲ್ಲಿ ನಿಂತವಳಿಗೆ ಆ ಮೌನದ ಗುರುತು ಸಿಕ್ಕಿತು. ಏನಾದರೂ ಕೆಟ್ಟಿದ್ದರೆ ಅದು ಬೊಬ್ಬೆ ಹಾಕುತ್ತಲೇ ಇರುತ್ತಿತ್ತು. ಇದು 'ಮಿಸ್' ಎಂದು ಒಂದು ಸಲ ಕರೆದು, ನಾನು ತಿರುಗುವುದನ್ನೇ ಕಾಯುತ್ತ ನಿಂತ ಮಗುವಿನ ಹಾಗಿತ್ತು.

"ಇದು ಕೆಟ್ಟಿಲ್ಲ, ಕಾಯ್ತಾ ಇದೆ. ಯಾಕೆ ಅಂತ ಫೋನಲ್ಲಿ ನೋಡು."

ಲಿಖಿತಾ ಹುಡುಕಿದಳು. ಓದುತ್ತ ಓದುತ್ತ ಅವಳ ಧ್ವನಿಯೇ ಬದಲಾಯಿತು. "ಮೇಡಂ... ಆ ಬೀಪು ಕಣ್ಣು ಕಾಣದೇ ಇರೋರಿಗಂತೆ. ಮೆನು ಬಂದಿದೆ ಅಂತ ತಿಳ್ಸೋಕೆ. ಈಗ ಎಸ್ ಒತ್ತಿ ಎಂಟರ್ ಒತ್ತಿದ್ರೆ ಮಾತಾಡುತ್ತಂತೆ."

ನಾನೇ ಒತ್ತಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಒರಟು ಇಂಗ್ಲಿಷ್ ಧ್ವನಿ ಯಾವ ಭಾಷೆ ಬೇಕೆಂದು ಕೇಳಿತು.

ನನಗೆ ಅಳು ಬಂದುಬಿಟ್ಟಿತು, ತಡೆದುಕೊಳ್ಳಲಿಲ್ಲ. ಕಾಸು ಕೇಳದೆ ಇದನ್ನು ಮಾಡಿದವರು ಎಲ್ಲಿಯವರೋ ಯಾರೋ. ಅವರಿಗೆ, ಕಣ್ಣಿಲ್ಲದವಳೊಬ್ಬಳು ಯಾರನ್ನೂ ಕರೆಯದೆ ತಾನೇ ಯಂತ್ರ ಹಚ್ಚಿಕೊಂಡಾಳು ಎಂದು ಅನಿಸಿತ್ತಲ್ಲ. ನನ್ನ ಮನೆಯವರಿಗೇ ಅನಿಸಿರಲಿಲ್ಲ. ನನಗೇ ಪೂರ್ತಿ ಅನಿಸಿರಲಿಲ್ಲ.

ಆಮೇಲಿನ ಕೆಲಸ ನನ್ನದೇ. ಅದು ಆಯ್ಕೆಗಳಿಗೆ ನಂಬರ್ ಹಾಕಿ ಓದುತ್ತ ಹೋಯಿತು, ನಾನು ನಂಬರ್ ಒತ್ತುತ್ತ ಹೋದೆ. ಒಂದೆರಡು ಕಡೆ ಅರ್ಥವಾಗದೆ ಲಿಖಿತಾಳನ್ನು ಕೇಳಿದೆ, ಉಳಿದಂತೆ ಅವರಿಬ್ಬರಿಗೂ ಕೆಲಸವಿರಲಿಲ್ಲ.

"ನಾವೀಗ ಎಂತ ಮಾಡ್ಬೇಕು?" ಪೂರ್ಣೇಶರು ಕೇಳಿದರು.

"ಕಾಫಿ" ಎಂದೆ.

ಅವರು ಎರಡನೇ ಸುತ್ತಿನ ಕಾಫಿ ಮಾಡಿ ತರುವ ಹೊತ್ತಿಗೆ ಯಂತ್ರ ಎದ್ದು ಕೂತು ಮಾತಾಡುತ್ತಿತ್ತು. ಲಿಖಿತಾ ಕನ್ನಡದ ಕೀಲಿಮಣೆಯನ್ನೂ ಕನ್ನಡ ಧ್ವನಿಯನ್ನೂ ಹೊಂದಿಸಿಕೊಟ್ಟು ಸಂಜೆಯ ಬಸ್ಸಿಗೆ ಹೋದಳು. ಆ ಕನ್ನಡ ಧ್ವನಿಯನ್ನು ಹೊಗಳಲಾರೆ. ಜೋರು ನೆಗಡಿಯಾದವನೊಬ್ಬ ಡಬ್ಬದೊಳಗೆ ಕೂತು ಓದಿದ ಹಾಗಿದೆ. ಆದರೆ ಒಂದಕ್ಷರ ಬಿಡುವುದಿಲ್ಲ, ಒಂದಕ್ಷರ ಸೇರಿಸುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ನನ್ನ ಕಿವಿ ಬಿಟ್ಟು ಇನ್ನೆಲ್ಲಿಗೂ ಹೋಗುವುದಿಲ್ಲ.

ಭಾನುವಾರ ತಿಂಡಿ ಮುಗಿಸಿ ಇಯರ್‌ಫೋನ್ ಸಿಕ್ಕಿಸಿಕೊಂಡು ಊಟದ ಮೇಜಿನ ಮುಂದೆ ಕೂತೆ. ಪೂರ್ಣೇಶರು ನಾಲ್ಕಾರು ಸಲ ಹಿಂದೆ ಸುಳಿದಾಡಿದರು. ಕೊನೆಗೆ ತಡೆಯಲಾರದೆ, "ಏ, ಪರದೆ ಪೂರಾ ಕಪ್ಪಾಗಿದೆಯಲ್ಲೇ, ಕೆಟ್ಟೋಯ್ತಾ ಎಂತ?" ಎಂದರು.

"ಕೆಟ್ಟಿಲ್ಲ. ನಾನೇ ಆರ್ಸಿದೀನಿ. ನಂಗೆ ಅದ್ರಿಂದ ಎಂತ ಉಪಯೋಗ?"

"ಹಂಗಾದ್ರೆ ನಂಗೆ ಏನೂ ಕಾಣಲ್ಲ."

"ಹೌದು" ಎಂದೆ. ಅವರು ಗಿರಣಿಗೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಪತ್ರಿಕೆ ಮುಗಿಯಿತು. ಮೊದಲಿನಿಂದ ಓದಿಸಿದೆ, ತಿದ್ದಿದೆ, ವ್ಯಾಕರಣದ ಒಂದು ಪ್ರಶ್ನೆ ತೀರಾ ಸುಲಭವಾಯಿತೆಂದು ತೆಗೆದು ಬೇರೆ ಹಾಕಿದೆ. ಮತ್ತೆ ಓದಿಸಿದೆ. ಕಡತಕ್ಕೆ ಪಾಸ್‌ವರ್ಡ್ ಹಾಕಿ ಮುಚ್ಚಿದೆ. ಎದೆಯ ಮೇಲೆ ಕೂತಿದ್ದ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು. ಹಸಿವೆ ಎಂದರೆ ಅಂಥಾ ಹಸಿವೆ, ಎರಡು ಸಲ ಅನ್ನ ಹಾಕಿಕೊಂಡೆ. ಶುಗರ್ ಬಾರ್ಡರಿನಲ್ಲಿದ್ದರೆ ಇರಲಿ.

ಸೋಮವಾರ ಮುಕುಂದಯ್ಯ ಮೇಷ್ಟ್ರು ಶಾಲೆಗೆ ಬಂದು ಪೆನ್‌ಡ್ರೈವ್ ತೆಗೆದುಕೊಂಡರು. "ಯಾರು ಟೈಪ್ ಮಾಡಿದ್ದು ಮೇಡಂ?" ಎಂದು ಸಂಶಯದಿಂದಲೇ ಕೇಳಿದರು.

"ನಾನೇ. ನನ್ನ ಬಿಟ್ಟು ಯಾರೂ ನೋಡಿಲ್ಲ, ಕೇಳಿಲ್ಲ."

ಹೊಗಳುತ್ತಾರೇನೋ ಎಂದು ನಾನು ಸಿಡಿಯಲು ತಯಾರಾಗಿದ್ದೆ. ಅವರು ಹೊಗಳಲಿಲ್ಲ. "ಉತ್ತರ ಸೂಚಿ ಎಲ್ಲಿ?" ಎಂದರು. "ಅದೂ ನೀವೇ ಮಾಡ್ಬೇಕಲ್ಲ. ನಾಡಿದ್ದಿಗೆ ಕೊಡಿ, ತಡ ಮಾಡ್ಬೇಡಿ." ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ಗದರಿಸಿ ಕೆಲಸ ಹೇಳಿದ್ದರು. ಖುಷಿಯಿಂದ ಹೂಂ ಎಂದೆ.

ಪತ್ರಿಕೆ ತೆಗೆಯುವವಳು ನಾನೆನ್ನುವುದೂ ಬಳಗದ ಹೊರಗೆ ಗುಟ್ಟಾಗಿಯೇ ಇರಬೇಕಿತ್ತು. ಪೂರ್ಣೇಶರ ದಯೆಯಿಂದ ಅದು ಎಂದೋ ಬೇಲಿ ದಾಟಿತ್ತು. ಪರೀಕ್ಷೆಯ ಹಿಂದಿನ ದಿನ ಸಂಜೆ ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ಅಂಗಳದಲ್ಲಿ ಮೂಕಮ್ಮನ ಧ್ವನಿ ಕೇಳಿತು. ಮೊಮ್ಮಗಳೂ ಪಕ್ಕದಲ್ಲಿದ್ದಿರಬೇಕು, ಬಳೆಯ ಸದ್ದಿತ್ತು.

"ಪೂರ್ಣೇಶಣ್ಣ, ನಮ್ಮ ಚೈತ್ರಂಗೆ ಒಂದೇ ಒಂದು ಹೇಳಿ. ಪದ್ಯದಲ್ಲಿ ಯಾವ್ದು ಬರುತ್ತೆ?"

"ನಂಗೆಂತ ಗೊತ್ತು ಮೂಕಮ್ಮ!" ಪೂರ್ಣೇಶರ ಧ್ವನಿಯಲ್ಲಿ ನಿಜವಾದ ಸಂಕಟವಿತ್ತು. "ಕಟ್ಟಿಕೊಂಡ ಗಂಡ ನಾನು, ಒಂದಕ್ಷರ ಬಾಯಿ ಬಿಡಲ್ಲ ಅವಳು. ಕೇಳಿದ್ರೆ ನಗ್ತಾಳೆ. ತಲೇಲಿ ಎಂತ ಇದೆ ಅಂತ ಅವಳಿಗೊಬ್ಬಳಿಗೇ ಗೊತ್ತು!"

ಕಣ್ಣು ಹೋದಮೇಲೆ ನನ್ನನ್ನು ಪಾಪ ಎಂದವರಿದ್ದಾರೆ, ಧೈರ್ಯವಂತೆ ಎಂದು ಹೊಗಳಿದವರಿದ್ದಾರೆ. ಇಷ್ಟು ಚೆಂದದ ದೂರನ್ನು ಯಾರೂ ಹೇಳಿರಲಿಲ್ಲ. ಒಲೆ ಸಣ್ಣ ಮಾಡಿ, ಅದನ್ನು ಪೂರ್ತಿ ಕೇಳಿಸಿಕೊಂಡೆ.